ಶಾಲೆಗೆ ಬದಲಿ ಶಿಕ್ಷಕರನ್ನು ನೇಮಿಸಿಕೊಳ್ಳುವ ಬಗೆ

ಒಬ್ಬ ಶಿಕ್ಷಕರು ರಜೆಯ ಮೇಲೆ ಹೋದರೆಂದರೆ ಶಾಲೆಯಲ್ಲಿ ಮೊದಲು ನಡೆಯುವುದು ವೇಳಾಪಟ್ಟಿಗೆ ತೇಪೆ ಹಾಕುವ ಕೆಲಸ. ಆ ಹೊತ್ತಿಗೆ ಬಿಡುವಿರುವವರನ್ನು ತರಗತಿಗೆ ಕಳುಹಿಸುವುದು, ಇಲ್ಲವೇ ಎರಡು ವಿಭಾಗಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಗಲಾಟೆಯಾಗದಂತೆ ನೋಡಿಕೊಳ್ಳುವುದು, ಇಷ್ಟರಲ್ಲೇ ದಿನ ಕಳೆಯುತ್ತದೆ. ಎರಡು ಮೂರು ದಿನಗಳ ಮಟ್ಟಿಗೆ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ರಜೆ ವಾರಗಟ್ಟಲೆ ಮುಂದುವರಿದಾಗ ಮಕ್ಕಳ ಕಲಿಕೆಯ ಎಳೆ ಕಡಿದುಹೋಗುತ್ತದೆ. ಬಿಡುವಿನ ಅವಧಿಗಳನ್ನು ಕಳೆದುಕೊಂಡ ಉಳಿದ ಶಿಕ್ಷಕರಿಗೆ ನೋಟ್‌ಬುಕ್ ತಿದ್ದಲೂ ಸಮಯ ಸಿಗದೆ ಅವರ ತರಗತಿಗಳೂ ಸೊರಗುತ್ತವೆ. ನಾನು ಹಲವು ವರ್ಷ ಮುಖ್ಯ ಶಿಕ್ಷಕಿಯಾಗಿ ಇಂಥ ನೇಮಕಗಳನ್ನು ಮಾಡಿದವಳು. ಸರಿಯಾದ ವ್ಯಕ್ತಿಯನ್ನು ಹುಡುಕುವುದಕ್ಕೆ ಪಡುವಷ್ಟೇ ಶ್ರಮವನ್ನು ಅವರಿಗೆ ತರಗತಿಯನ್ನು ಒಪ್ಪಿಸಿಕೊಡುವುದಕ್ಕೂ ಪಡದಿದ್ದರೆ, ಎಷ್ಟು ಒಳ್ಳೆಯ ಶಿಕ್ಷಕರು ಬಂದರೂ ಪ್ರಯೋಜನವಾಗದು ಎಂಬುದನ್ನು ನನ್ನದೇ ತಪ್ಪಿನಿಂದ ಕಲಿತೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಮೊದಲು ರಜೆಯ ಅವಧಿಯನ್ನು ಅಂದಾಜು ಮಾಡಬೇಕು. ಸೀತಾಳೆ ಸಿಡುಬು ಬಂದವರು ಗುಳ್ಳೆಗಳೆಲ್ಲ ಒಣಗಿ ಹೊಪ್ಪಳಿಕೆ ಕಟ್ಟುವವರೆಗೆ ಶಾಲೆಗೆ ಬರುವಂತಿಲ್ಲ, ಅಂದರೆ ಸುಮಾರು ಒಂದು ವಾರ ಅವರಿಲ್ಲವೆಂದು ಇಟ್ಟುಕೊಳ್ಳಬೇಕು. ಮಣಿಕಟ್ಟಿನ ಮೂಳೆ ಮುರಿದರೆ ಪ್ಲಾಸ್ಟರ್ ಬಿಚ್ಚುವುದಕ್ಕೇ ಸಾಮಾನ್ಯವಾಗಿ 6 ವಾರ ಬೇಕು. ಹೆರಿಗೆ ರಜೆಯ ವಿಷಯದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ನೇ ಇಸವಿಯ 183ನೇ ಒಡಂಬಡಿಕೆ ಕನಿಷ್ಠ 14 ವಾರಗಳನ್ನು ನಿಗದಿಪಡಿಸಿದೆ, ಅನೇಕ ದೇಶಗಳ ಕಾನೂನು ಅದಕ್ಕಿಂತ ಹೆಚ್ಚು ಕೊಡುತ್ತದೆ. ಈ 14 ವಾರಗಳನ್ನು ತರಗತಿಯ ಲೆಕ್ಕಕ್ಕೆ ತಂದು ನೋಡಿದರೆ ಮಾತ್ರ ಅದರ ತೂಕ ತಿಳಿಯುತ್ತದೆ: ವಾರಕ್ಕೆ 5 ಗಣಿತದ ಅವಧಿಗಳಿದ್ದರೆ ಒಂದು ತರಗತಿಯ ಮಕ್ಕಳಿಗೆ ಅದು 70 ಅವಧಿಗಳು. ಒಂದು ವಾರದೊಳಗಿನ ರಜೆಯನ್ನು ಒಳಗಿನವರೇ ಹಂಚಿಕೊಳ್ಳಬಹುದು. ಅದಕ್ಕೆ ಮೀರಿದ್ದಕ್ಕೆ ಆ ವಿಷಯವನ್ನು ಓದಿದ, ಅದನ್ನು ಕಲಿಸಬಲ್ಲ ವ್ಯಕ್ತಿಯೇ ಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮಕ್ಕಳನ್ನು ಸುಮ್ಮನೆ ಕಾಯಲು ಒಬ್ಬರನ್ನು ತಂದು ಕೂರಿಸುವುದು ನೇಮಕವಲ್ಲ.

ಹುಡುಕಾಟವನ್ನು ರಜೆಯ ಅರ್ಜಿ ಕೈಗೆ ಬಂದ ದಿನ ಆರಂಭಿಸಿದರೆ ತಡವಾಗಿರುತ್ತದೆ. ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲೇ ಕರೆದರೆ ಬರಬಲ್ಲವರ ಪಟ್ಟಿಯೊಂದನ್ನು ಸಿದ್ಧಪಡಿಸಿಡಬೇಕು. ನಿವೃತ್ತರಾದ ಶಿಕ್ಷಕರು, ಮಕ್ಕಳು ಚಿಕ್ಕವರೆಂಬ ಕಾರಣಕ್ಕೆ ಪೂರ್ಣಾವಧಿ ಕೆಲಸ ಬಿಟ್ಟವರು, ಶಿಕ್ಷಕ ತರಬೇತಿ ಮುಗಿಸಿ ಕಾಯಂ ಹುದ್ದೆಗೆ ಕಾಯುತ್ತಿರುವವರು, ಹಿಂದೆ ನಮ್ಮಲ್ಲೇ ಬದಲಿಯಾಗಿ ಬಂದು ಹೋದವರು, ಇವರೆಲ್ಲ ಆ ಪಟ್ಟಿಯಲ್ಲಿರಬೇಕು. ಹೆಸರಿನ ಮುಂದೆ ಯಾವ ವಿಷಯ, ಯಾವ ತರಗತಿಯವರೆಗೆ, ವಾರದ ಯಾವ ದಿನಗಳು, ಎಷ್ಟು ದಿನ ಮುಂಚಿತವಾಗಿ ತಿಳಿಸಿದರೆ ಬರಬಲ್ಲರು ಎಂಬುದನ್ನು ಬರೆದುಕೊಂಡಿರಬೇಕು. ಪಟ್ಟಿಯಲ್ಲಿರುವವರ ದಾಖಲೆಗಳ ಪರಿಶೀಲನೆಯೂ ಆಗಲೇ ಮುಗಿದಿದ್ದರೆ, ತುರ್ತಿನ ಸಮಯದಲ್ಲಿ ಪರಿಶೀಲನೆಯನ್ನೇ ಬಿಟ್ಟುಬಿಡುವ ಪ್ರಸಂಗ ಬರುವುದಿಲ್ಲ.

ಪರಿಶೀಲನೆಯಲ್ಲಿ ರಿಯಾಯಿತಿ ಸಲ್ಲದು. ಬರುವವರು ಹತ್ತೇ ದಿನ ಇರುವವರಾದರೂ ಅವರ ಮುಂದೆ ಕೂರುವವರು ಮಕ್ಕಳು. ಪ್ರಮಾಣಪತ್ರಗಳ ಜೆರಾಕ್ಸ್ ಪ್ರತಿ ಸಾಲದು, ಮೂಲಪ್ರತಿಯನ್ನು ಕಣ್ಣಾರೆ ನೋಡಬೇಕು. ಗುರುತಿನ ಚೀಟಿಯಲ್ಲಿರುವ ಹೆಸರಿಗೂ ಅಂಕಪಟ್ಟಿಯಲ್ಲಿರುವ ಹೆಸರಿಗೂ ಹೊಂದಿಕೆಯಿದೆಯೇ ಎಂದು ಗಮನಿಸಬೇಕು. ನಿಮ್ಮ ದೇಶದ ಕಾನೂನು ಶಿಕ್ಷಕರಿಗೆ ಪೊಲೀಸ್ ಪರಿಶೀಲನೆಯನ್ನು ವಿಧಿಸಿದ್ದರೆ ಅದು ಮುಗಿಯುವವರೆಗೆ ಕಾಯಬೇಕು. ಕೆಲಸ ಮಾಡಿದ ವರ್ಷಗಳ ನಡುವೆ ಖಾಲಿ ಅವಧಿಯಿದ್ದರೆ ಅದರ ಕಾರಣವನ್ನು ಸೌಜನ್ಯದಿಂದ, ಆದರೆ ನೇರವಾಗಿ ಕೇಳಬೇಕು. ಬಹುಪಾಲು ಕಾರಣಗಳು ಕುಟುಂಬ ಅಥವಾ ಆರೋಗ್ಯಕ್ಕೆ ಸಂಬಂಧಿಸಿದ ಸಹಜ ಕಾರಣಗಳಾಗಿರುತ್ತವೆ, ಕೇಳುವುದರಿಂದ ಯಾರಿಗೂ ಅವಮಾನವಾಗುವುದಿಲ್ಲ. ಹಿಂದಿನ ಶಾಲೆಯ ಮುಖ್ಯಸ್ಥರಿಗೆ ಫೋನ್ ಮಾಡುವುದನ್ನು ನಾನು ಎಂದೂ ಬಿಟ್ಟವಳಲ್ಲ. "ಅವರು ಹೇಗೆ?" ಎಂದು ಕೇಳಿದರೆ "ಒಳ್ಳೆಯವರು" ಎಂಬ ಉತ್ತರವಷ್ಟೇ ಸಿಗುತ್ತದೆ. "ಅವಕಾಶ ಬಂದರೆ ನಿಮ್ಮ ಶಾಲೆಗೆ ಅವರನ್ನು ಮತ್ತೆ ಕರೆಯುತ್ತೀರಾ?" ಎಂದು ಕೇಳಿ ನೋಡಿ. ಉತ್ತರಕ್ಕೆ ಮೊದಲು ಬರುವ ಮೌನವೂ ಕೆಲವೊಮ್ಮೆ ಬಹಳಷ್ಟನ್ನು ತಿಳಿಸುತ್ತದೆ.

ಸಂದರ್ಶನ ಚಿಕ್ಕದಾಗಿದ್ದರೂ ನಡೆಯುತ್ತದೆ, ಮಾದರಿ ಪಾಠ ಮಾತ್ರ ಬೇಕೇ ಬೇಕು. ಅಭ್ಯರ್ಥಿಗೆ ಹಿಂದಿನ ದಿನವೇ ವಿಷಯ ತಿಳಿಸಿ, ನಿಜವಾದ ತರಗತಿಯಲ್ಲಿ, ನಿಜವಾದ ಮಕ್ಕಳ ಮುಂದೆ ಇಪ್ಪತ್ತು ನಿಮಿಷ ಪಾಠ ಮಾಡಿಸಬೇಕು. ಒಮ್ಮೆ ಇಬ್ಬರು ಅಭ್ಯರ್ಥಿಗಳಿಗೆ ಭಿನ್ನರಾಶಿಗಳ ಸಂಕಲನವನ್ನು ಕೊಟ್ಟು ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಎರಡು ವಿಭಾಗಗಳಲ್ಲೂ ಒಂದೇ ಬಗೆಯ ತಪ್ಪು ಬಂತು: ಅರ್ಧಕ್ಕೆ ಮೂರನೇ ಒಂದು ಭಾಗ ಸೇರಿಸಿದರೆ ಎಷ್ಟೆಂದು ಕೇಳಿದಾಗ ಒಂದು ಮಗು ಮೇಲಿನ ಸಂಖ್ಯೆಗಳನ್ನೂ ಕೆಳಗಿನ ಸಂಖ್ಯೆಗಳನ್ನೂ ಕೂಡಿಸಿ ಐದನೇ ಎರಡು ಭಾಗ ಎಂದಿತು. ಮೊದಲನೆಯವರು "ತಪ್ಪು, ಕೂತುಕೋ" ಎಂದು ಹೇಳಿ ಲಘುತಮ ಸಾಮಾನ್ಯ ಅಪವರ್ತ್ಯದ ವಿಧಾನವನ್ನು ಹಲಗೆಯ ಮೇಲೆ ಅಚ್ಚುಕಟ್ಟಾಗಿ ಬರೆದರು. ಎರಡನೆಯವರು ಆ ಉತ್ತರವನ್ನು ಅಳಿಸದೆ ಹಲಗೆಯ ಮೇಲೇ ಉಳಿಸಿಕೊಂಡು, ಒಂದೇ ಉದ್ದದ ಎರಡು ಪಟ್ಟಿಗಳನ್ನು ಬರೆದು, ಒಂದರಲ್ಲಿ ಅರ್ಧವನ್ನೂ ಇನ್ನೊಂದರಲ್ಲಿ ಐದನೇ ಎರಡು ಭಾಗವನ್ನೂ ಗೆರೆ ಹಾಕಿ ತುಂಬಿದರು. "ಅರ್ಧ ಇತ್ತು, ಅದಕ್ಕೆ ಇನ್ನಷ್ಟು ಸೇರಿಸಿದೆವು, ಈಗ ಅರ್ಧಕ್ಕಿಂತ ಕಡಿಮೆ ಆಯಿತಲ್ಲ, ಹೇಗೆ?" ಎಂದು ಕೇಳಿದರು. ತರಗತಿ ಒಂದು ಕ್ಷಣ ಸ್ತಬ್ಧವಾಯಿತು, ಆಮೇಲೆ ಆ ಮಗುವೇ "ಆಗೋದಿಲ್ಲ ಮಿಸ್" ಎಂದಿತು. ಇಬ್ಬರಲ್ಲಿ ಹೆಚ್ಚು ಅಂಕಗಳಿದ್ದದ್ದು ಮೊದಲನೆಯವರಿಗೆ, ಆದರೂ ನಾನು ಎರಡನೆಯವರನ್ನೇ ಆಯ್ದುಕೊಂಡೆ. ಗುರುತು ಪರಿಚಯವಿಲ್ಲದ ತರಗತಿಯಲ್ಲಿ ಮಗುವಿನ ತಪ್ಪನ್ನು ಕೈಗೆತ್ತಿಕೊಳ್ಳಬಲ್ಲವರು ಬದಲಿ ಶಿಕ್ಷಕರ ಕೆಲಸಕ್ಕೆ ತಕ್ಕವರೆಂಬ ನಂಬಿಕೆ ನನಗೆ ಅಂದಿನಿಂದ ಗಟ್ಟಿಯಾಗಿದೆ.

ಆಯ್ಕೆಯಾದ ಮೇಲೆ ಬಾಯಿಮಾತಿನ ಒಪ್ಪಂದಕ್ಕೆ ನಿಲ್ಲಬಾರದು. ನೇಮಕಾತಿ ಪತ್ರ ಒಂದೇ ಪುಟದ್ದಾದರೂ ಸರಿ, ಅದರಲ್ಲಿ ಕೆಲಸ ಆರಂಭವಾಗುವ ಮತ್ತು ಮುಗಿಯುವ ದಿನಾಂಕ, ವಾರದ ಅವಧಿಗಳ ಸಂಖ್ಯೆ, ಸಂಭಾವನೆ ಮತ್ತು ಅದು ಕೈಸೇರುವ ದಿನ, ನಡುವೆ ಬರುವ ರಜಾದಿನಗಳಿಗೆ ಸಂಭಾವನೆ ಉಂಟೋ ಇಲ್ಲವೋ ಎಂಬುದು ಸ್ಪಷ್ಟವಾಗಿರಬೇಕು. ರಜೆಯಲ್ಲಿರುವ ಶಿಕ್ಷಕರು ಬೇಗ ಮರಳಿದರೆ ಎಷ್ಟು ದಿನ ಮೊದಲು ತಿಳಿಸಲಾಗುವುದು, ತಡವಾದರೆ ಮುಂದುವರಿಸುವ ಬಗೆ ಹೇಗೆ, ಪ್ರಶ್ನೆಪತ್ರಿಕೆ ತಯಾರಿ ಮತ್ತು ಮೌಲ್ಯಮಾಪನ ಯಾರ ಹೊಣೆ ಎಂಬುದನ್ನೂ ಬರೆಯಬೇಕು, ಏಕೆಂದರೆ ಮನಸ್ತಾಪಗಳು ಹುಟ್ಟುವುದು ಹೆಚ್ಚಾಗಿ ಈ ಮೂರರಲ್ಲಿಯೇ. ಯುನೆಸ್ಕೋ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳ ಸಹಯೋಗದಲ್ಲಿ 1966ರ ಅಕ್ಟೋಬರ್ 5ರಂದು ಪ್ಯಾರಿಸ್‌ನಲ್ಲಿ ಅಂಗೀಕಾರವಾದ ಶಿಕ್ಷಕರ ಸ್ಥಾನಮಾನ ಕುರಿತ ಶಿಫಾರಸು, ನಿಯತವಾಗಿ ಅರೆಕಾಲಿಕ ಕೆಲಸ ಮಾಡುವ ಶಿಕ್ಷಕರಿಗೂ ಪೂರ್ಣಾವಧಿಯವರ ಪ್ರಮಾಣಕ್ಕೆ ಅನುಗುಣವಾದ ವೇತನ ಸಿಗಬೇಕೆನ್ನುತ್ತದೆ. ಕೆಲವೇ ವಾರಗಳಿಗೆ ಬಂದವರ ಸಂಭಾವನೆಯನ್ನು ನಿಗದಿಪಡಿಸುವಾಗಲೂ ಇದೇ ಅಳತೆಯನ್ನು ಮುಂದಿಟ್ಟುಕೊಳ್ಳುವುದು ನ್ಯಾಯವೆಂದು ನನ್ನ ಭಾವನೆ. ಕಾಯಂ ಹುದ್ದೆಯ ಆಸೆ ತೋರಿಸಿ ಕಡಿಮೆ ಸಂಭಾವನೆಗೆ ಒಪ್ಪಿಸುವುದನ್ನು ನಾನು ಕಂಡಿದ್ದೇನೆ. ಹುದ್ದೆ ಖಾಲಿಯಿಲ್ಲದಿದ್ದರೆ ಇಲ್ಲವೆಂದು ಮೊದಲೇ ಹೇಳಿಬಿಡಬೇಕು.

ಈಗ ನನ್ನ ತಪ್ಪಿನ ವಿಷಯ. ಒಂದು ವರ್ಷ ವಿಜ್ಞಾನ ಶಿಕ್ಷಕರೊಬ್ಬರಿಗೆ ತುರ್ತು ಶಸ್ತ್ರಚಿಕಿತ್ಸೆಯಾಯಿತು. ಎರಡೇ ದಿನಗಳಲ್ಲಿ ಒಳ್ಳೆಯ ಬದಲಿ ಶಿಕ್ಷಕರು ಸಿಕ್ಕರೆಂಬ ಸಮಾಧಾನದಲ್ಲಿ "ವಿದ್ಯುತ್ ಪಾಠ ನಡೆಯುತ್ತಿದೆ" ಎಂದಷ್ಟೇ ಹೇಳಿ ಅವರನ್ನು ತರಗತಿಗೆ ಕಳುಹಿಸಿದೆ. ಅವರು ಪಾಠವನ್ನು ಮೊದಲಿನಿಂದ ಆರಂಭಿಸಿದರು. ಕಲಿತದ್ದನ್ನೇ ಮತ್ತೆ ಕಲಿಸುತ್ತಿದ್ದಾರೆಂದು ಹೇಳಲು ಮಕ್ಕಳಿಗೆ ಸಂಕೋಚ, ಕೆಲವರಿಗೆ ಅದೇ ಸುಖ. ಮೂರನೇ ವಾರ ಕಳೆದ ಮೇಲೆ ಒಬ್ಬ ವಿದ್ಯಾರ್ಥಿನಿಯ ನೋಟ್‌ಬುಕ್ ತಿರುವಿ ಹಾಕುವಾಗ, ಬ್ಯಾಟರಿ, ಬಲ್ಬು ಮತ್ತು ಸ್ವಿಚ್ ಇರುವ ಸರಳ ಮಂಡಲದ ಚಿತ್ರ ಹನ್ನೆರಡು ಪುಟಗಳ ಅಂತರದಲ್ಲಿ ಎರಡು ಬಾರಿ ಕಂಡಿತು. ಎರಡರ ಪಕ್ಕದಲ್ಲೂ ಕೆಂಪು ಶಾಯಿಯ ಸರಿ ಗುರುತು, ಕೈಬರಹ ಮಾತ್ರ ಬೇರೆ ಬೇರೆ. ಆ ಶಿಕ್ಷಕರದ್ದು ಏನೂ ತಪ್ಪಿರಲಿಲ್ಲ, ಪಾಠ ಎಲ್ಲಿ ನಿಂತಿತ್ತೆಂದು ಅವರಿಗೆ ನಾನು ತಿಳಿಸಿರಲಿಲ್ಲ.

ಅಂದಿನಿಂದ ಪ್ರತಿ ತರಗತಿಗೂ ಒಪ್ಪಿಸುವ ಕಡತವೊಂದನ್ನು ಇಡುವ ರೂಢಿ ಮಾಡಿದೆ. ರಜೆಗೆ ಹೋಗುವ ದಿನ ಬರೆಯುವ ಕಡತವಲ್ಲ ಅದು. ಶಿಕ್ಷಕರು ವಾರಕ್ಕೊಮ್ಮೆ ಹತ್ತು ನಿಮಿಷ ಕೂತು ತಾಜಾ ಮಾಡಬೇಕಾದದ್ದು, ಏಕೆಂದರೆ ಆಸ್ಪತ್ರೆಗೆ ಸೇರಿದವರನ್ನು ಫೋನಿನಲ್ಲಿ ಕಾಡುವಂತಾಗಬಾರದು. ಅದರಲ್ಲಿ ಪಾಠದ ಹೆಸರಿನ ಜೊತೆಗೆ ಪುಟಸಂಖ್ಯೆ, ಮುಗಿದ ಅಭ್ಯಾಸಗಳು, ಮಕ್ಕಳು ಎಡವುತ್ತಿರುವ ಜಾಗ, ಬಳಸುತ್ತಿರುವ ವಿಧಾನ ಎಲ್ಲವೂ ಇರಬೇಕು. ವಿಧಾನವನ್ನು ಬರೆಯದಿದ್ದರೆ, ಭಾಗಾಕಾರವನ್ನು ಒಂದು ಬಗೆಯಲ್ಲಿ ಅರ್ಧ ಕಲಿತ ಮಕ್ಕಳಿಗೆ ಹೊಸಬರು ಇನ್ನೊಂದು ಬಗೆಯಲ್ಲಿ ಹೇಳಿಕೊಟ್ಟು, ಕೊನೆಗೆ ಎರಡೂ ಕೈತಪ್ಪುವ ಸಾಧ್ಯತೆ ಇರುತ್ತದೆ. ಆಸನಗಳ ನಕ್ಷೆಯಲ್ಲಿ ಹೆಸರುಗಳನ್ನು ಬರೆದಿಟ್ಟರೆ ಮೊದಲ ದಿನವೇ ಮಕ್ಕಳನ್ನು ಹೆಸರು ಹಿಡಿದು ಕರೆಯಬಹುದು. "ಏ, ಕೊನೇ ಬೆಂಚಿನವನೇ" ಎನ್ನುವುದಕ್ಕೂ ಹೆಸರಿಡಿದು ಕರೆಯುವುದಕ್ಕೂ ತರಗತಿಯ ಶಿಸ್ತಿನಲ್ಲಿ ಅಜಗಜಾಂತರವಿದೆ.

ಮಕ್ಕಳ ಆರೋಗ್ಯದ ಮಾಹಿತಿ ಈ ಕಡತದ ಅತಿ ಮುಖ್ಯವಾದ ಹಾಳೆ. ಯಾವ ಮಗುವಿಗೆ ಉಬ್ಬಸವಿದೆ, ಅದರ ಇನ್‌ಹೇಲರ್ ಎಲ್ಲಿದೆ, ಯಾವ ಮಗುವಿಗೆ ಯಾವುದರ ಅಲರ್ಜಿ, ಯಾವ ಮಗುವಿಗೆ ಮೂರ್ಛೆರೋಗ ಎಂಬುದು ಬದಲಿ ಶಿಕ್ಷಕರಿಗೆ ತರಗತಿಗೆ ಕಾಲಿಡುವ ಮೊದಲೇ ತಿಳಿದಿರಬೇಕು. ಮೂರ್ಛೆ ಬಂದ ಮಗುವಿನ ಬಾಯಿಗೆ ಏನನ್ನೂ ಇಡಬಾರದು, ಸುತ್ತಲಿನ ಬೆಂಚುಗಳನ್ನು ಸರಿಸಿ ಮಗುವನ್ನು ಪಕ್ಕಕ್ಕೆ ಹೊರಳಿಸಬೇಕು, ಗಡಿಯಾರ ನೋಡಬೇಕು, ಸೆಳೆತ 5 ನಿಮಿಷ ಮೀರಿದರೆ ತುರ್ತು ವಾಹನ ಕರೆಸಬೇಕು. ಇಷ್ಟನ್ನು ಅದೇ ಹಾಳೆಯಲ್ಲಿ ಬರೆದಿಟ್ಟರೆ ಆ ಗಾಬರಿಯಲ್ಲಿ ಯಾರೂ ತಡವರಿಸಬೇಕಾಗಿಲ್ಲ. ಈ ಮಾಹಿತಿ ಗೋಪ್ಯವಾದದ್ದು, ಸಹಿ ಪಡೆದು ಕೊಡಬೇಕು, ಕೆಲಸ ಮುಗಿದ ದಿನ ಹಿಂದಕ್ಕೆ ಪಡೆಯಬೇಕು. ಶಾಲೆ ಬಿಟ್ಟಾಗ ಯಾವ ಮಗುವನ್ನು ಯಾರ ಜೊತೆ ಕಳುಹಿಸಬಹುದು, ಯಾರ ಜೊತೆ ಕಳುಹಿಸಕೂಡದು ಎಂಬುದೂ ಇದರಲ್ಲೇ ಇರಲಿ, ಏಕೆಂದರೆ ಹೊಸಬರಿಗೆ ಪೋಷಕರ ಮುಖಪರಿಚಯ ಇರುವುದಿಲ್ಲ.

ಮೊದಲ ದಿನ ಮುಖ್ಯ ಶಿಕ್ಷಕರೇ ತರಗತಿಗೆ ಹೋಗಿ ಅವರನ್ನು ಪರಿಚಯಿಸಬೇಕು. "ನಿಮ್ಮ ಟೀಚರ್ ಬರುವವರೆಗೆ ಇವರು ನೋಡಿಕೊಳ್ಳುತ್ತಾರೆ" ಎಂಬ ಮಾತು ಮಕ್ಕಳ ಕಿವಿಗೆ ಆಟದ ಅವಧಿಯ ಹಾಗೆ ಕೇಳಿಸುತ್ತದೆ. "ಇವರು ನಿಮ್ಮ ಗಣಿತದ ಶಿಕ್ಷಕರು, ಇವರು ಕೊಡುವ ಅಂಕಗಳು ಅಂಕಪಟ್ಟಿಗೆ ಸೇರುತ್ತವೆ" ಎಂದು ಹೇಳಿದರೆ ಅವರ ಸ್ಥಾನ ಮೊದಲ ಗಂಟೆಯಲ್ಲೇ ನೆಲೆಗೊಳ್ಳುತ್ತದೆ. ಪಕ್ಕದ ತರಗತಿಯ ಶಿಕ್ಷಕರೊಬ್ಬರನ್ನು ಅವರಿಗೆ ಜೊತೆಗಾರರನ್ನಾಗಿ ಗೊತ್ತುಮಾಡಿ, ಸೀಮೆಸುಣ್ಣ ಎಲ್ಲಿ, ಹಾಜರಿ ಪುಸ್ತಕವನ್ನು ಯಾವಾಗ ಒಪ್ಪಿಸಬೇಕು, ಸ್ಟಾಫ್‌ರೂಮಿನಲ್ಲಿ ಕೂರುವ ಜಾಗ ಯಾವುದು ಎಂಬ ಸಣ್ಣಪುಟ್ಟ ಪ್ರಶ್ನೆಗಳನ್ನು ಅವರಲ್ಲೇ ಕೇಳಲು ಬಿಡಬೇಕು. ಶಾಲೆಯ ಸುರಕ್ಷತಾ ನಿಯಮಗಳನ್ನು, ಅಂದರೆ ಮಗುವಿನ ಜೊತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ಮಕ್ಕಳಿಗೆ ಖಾಸಗಿಯಾಗಿ ಸಂದೇಶ ಕಳುಹಿಸಬಾರದು, ಹೊಡೆಯಬಾರದು ಎಂಬುವನ್ನು ಓದಿ ಹೇಳಿ ಸಹಿ ಪಡೆಯಬೇಕು.

ಮೊದಲ ವಾರದೊಳಗೆ ಒಂದು ಅವಧಿಯನ್ನು ನೀವೇ ಕೂತು ನೋಡಿ, ಮತ್ತು ಐದು ಮಕ್ಕಳ ನೋಟ್‌ಬುಕ್‌ಗಳನ್ನು ತರಿಸಿಕೊಳ್ಳಿ. ನೋಟ್‌ಬುಕ್ ಸುಳ್ಳು ಹೇಳುವುದಿಲ್ಲ. ಅಲ್ಲಿ ಕಂಡ ಕೊರತೆಯನ್ನು ಅಂದೇ, ಒಬ್ಬರೇ ಇದ್ದಾಗ, ಮೃದುವಾಗಿ ತಿಳಿಸಬೇಕು. ಪೋಷಕರಿಗೂ ಒಂದು ಚಿಕ್ಕ ಸೂಚನೆ ಹೋಗಬೇಕು, ಅದರಲ್ಲಿ ರಜೆಯ ಕಾರಣವನ್ನು ಬರೆಯುವ ಅಗತ್ಯವಿಲ್ಲ, ಅದು ರಜೆಯಲ್ಲಿರುವವರ ಖಾಸಗಿ ವಿಷಯ.

ಬದಲಿ ಶಿಕ್ಷಕರು ಅದೇ ಕಡತದಲ್ಲಿ ದಿನಕ್ಕೆ ಮೂರು ನಾಲ್ಕು ಸಾಲು ಬರೆಯುತ್ತಾ ಬಂದರೆ ಮರಳಿ ಬರುವವರಿಗೆ ಕೆಲಸ ಹಗುರವಾಗುತ್ತದೆ. ಸಾಧ್ಯವಿದ್ದರೆ ಕೊನೆಯ ಒಂದು ದಿನ ಇಬ್ಬರೂ ಶಾಲೆಯಲ್ಲಿರುವಂತೆ ನೋಡಿಕೊಳ್ಳಬೇಕು. ಆ ಒಂದು ದಿನದ ಹೆಚ್ಚುವರಿ ಸಂಭಾವನೆಯನ್ನು ಉಳಿಸಲು ಹೋಗಿ ಎರಡು ವಾರಗಳ ಗೊಂದಲವನ್ನು ಮೈಮೇಲೆ ಎಳೆದುಕೊಂಡ ಶಾಲೆಗಳಿವೆ. ಇಬ್ಬರೂ ನೋಟ್‌ಬುಕ್‌ಗಳ ರಾಶಿಯನ್ನು ನಡುವೆ ಇಟ್ಟುಕೊಂಡು ಯಾರು ಎಲ್ಲಿದ್ದಾರೆಂದು ಮಾತನಾಡಿಕೊಳ್ಳಲಿ, ಬಳಿಕ ಮಕ್ಕಳ ಮುಂದೆ ಜೊತೆಯಾಗಿ ನಿಲ್ಲಲಿ. ಅನುಭವ ಪತ್ರವನ್ನೂ ಕೊನೆಯ ಸಂಭಾವನೆಯನ್ನೂ ಅದೇ ಸಂಜೆ ಕೊಟ್ಟು, ಆರೋಗ್ಯದ ಹಾಳೆಯನ್ನು ಹಿಂದಕ್ಕೆ ಪಡೆದು, ಮುಂದಿನ ಬಾರಿಗೆ ಯಾವ ತಿಂಗಳುಗಳಲ್ಲಿ ಬರಬಲ್ಲರೆಂದು ಕೇಳಿ ಪಟ್ಟಿಯಲ್ಲಿ ಬರೆದುಕೊಳ್ಳಿ.