ನಾಲ್ಕು ಕೊರಳಿಗೆ ನಾಲ್ಕು ಮಫ್ಲರ್

32 ಕುಣಿಕೆ ಹಾಕಿಕೊಂಡು ಶುರು ಮಾಡಿದ್ದೆ. ಒಂದು ಗೇಣು ಹೆಣೆಯುವಷ್ಟರಲ್ಲಿ ಕಡ್ಡಿಯ ಮೇಲೆ 39 ಇದ್ದವು. ಬುಡದಲ್ಲಿ ಕಿರಿದಾಗಿದ್ದ ಪಟ್ಟಿ ಮೇಲೆ ಹೋದಂತೆ ಮೊರದ ಹಾಗೆ ಅಗಲವಾಗುತ್ತಿತ್ತು. ನಡುವೆ ಎಲ್ಲೂ ತೂತಿಲ್ಲ, ಗಂಟಿಲ್ಲ. ಹೆಚ್ಚುವರಿ ಏಳು ಕುಣಿಕೆ ಎಲ್ಲಿಂದ ಬಂದವೆಂದು ಎರಡು ಸಂಜೆ ಹುಡುಕಿ, ಸಾಕಾಗಿ, ದೊಡ್ಡಮ್ಮನ ಮುಂದೆ ಇಟ್ಟೆ.

ಅವರು ಇನ್ನೊಂದು ಸಾಲು ಹೆಣೆಯಲು ಹೇಳಿ ನನ್ನ ಕೈಯನ್ನೇ ನೋಡುತ್ತಾ ಕೂತರು. ಸಾಲು ತಿರುಗಿಸಿ ಮೊದಲ ಕುಣಿಕೆಗೆ ಕಡ್ಡಿ ಹಾಕುತ್ತಿದ್ದಂತೆ ತಡೆದರು. "ನೋಡು, ದಾರಾನ ಕಡ್ಡಿ ಮೇಲಿಂದ ಹಿಂದಕ್ಕೆ ಎಳ್ಕೊಂಡಿದೀಯ. ಒಂದು ಕುಣಿಕೆ ಎರಡರ ಥರ ಕಾಣ್ತಿದೆ. ಎರಡನ್ನೂ ಹೆಣೀತಿದೀಯ ಕಣೇ."

ಅಷ್ಟೇ ಆಗಿತ್ತು. ದಾರ ಕಡ್ಡಿಯ ಮೇಲಿನಿಂದ ಹಿಂದಕ್ಕೆ ಹೋದರೆ ಅಂಚಿನ ಕುಣಿಕೆ ಎಳೆತಕ್ಕೆ ಮೇಲೇಳುತ್ತದೆ. ಅದರ ಎರಡು ಕಾಲುಗಳೂ ಬೇರೆ ಬೇರೆ ಕುಣಿಕೆಗಳಂತೆ ಕಡ್ಡಿಯ ಮೇಲೆ ಕೂರುತ್ತವೆ. ದಾರವನ್ನು ಮೊದಲು ಮುಂದಕ್ಕೆ ತಂದು ಕೆಳಗೆ ಇಳಿಬಿಟ್ಟು, ಆಮೇಲೆ ಕಡ್ಡಿಯ ಅಡಿಯಿಂದ ಹಿಂದಕ್ಕೆ ಒಯ್ದರೆ ಇರುವುದು ಒಂದೇ ಎಂದು ಕಣ್ಣಿಗೆ ಸ್ಪಷ್ಟವಾಗುತ್ತದೆ. ಪಟ್ಟಿಯನ್ನು ಪೂರ್ತಿ ಬಿಚ್ಚಿ ಮತ್ತೆ ಉಂಡೆ ಸುತ್ತಿದೆ. ಪ್ರತಿ ಹತ್ತು ಸಾಲಿಗೊಮ್ಮೆ ಎಣಿಸುವ ಅಭ್ಯಾಸ ಅಂದೇ ಶುರುವಾದದ್ದು, ಇಂದಿಗೂ ಬಿಟ್ಟಿಲ್ಲ.

ಮೈಸೂರಿನ ಹಾಸ್ಟೆಲಿನಲ್ಲಿ ನಾವು ಐವರು ಜೊತೆಗಿದ್ದವರು. ನಾನು ಹಾಸನಕ್ಕೆ ಬಂದೆ. ಉಳಿದ ನಾಲ್ವರಲ್ಲಿ ಒಬ್ಬಳು ಚಿಕ್ಕಮಗಳೂರು, ಒಬ್ಬಳು ಮಂಗಳೂರು, ಒಬ್ಬಳು ಧಾರವಾಡ. ನಾಲ್ಕನೆಯವಳು ಕೆಲಸದ ಮೇಲೆ ಕೆನಡಾದ ಟೊರಾಂಟೊಗೆ ಹೊರಟಿದ್ದಳು. ಅವಳು ಹೊರಡುವ ಮುಂಚೆ ನನ್ನ ಕೈಯಾರೆ ಮಾಡಿದ್ದೇನಾದರೂ ಕೊಡಬೇಕು, ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಮಾಡಬೇಕು ಅನ್ನಿಸಿತು. ಚಳಿ ಬಂತೆಂದರೆ ಊರಿನ ರಸ್ತೆ ಬದಿಯಲ್ಲಿ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳು ಸಾಲಾಗಿ ಏಳುತ್ತವೆ. ಅಲ್ಲಿ ಒಳ್ಳೊಳ್ಳೆಯ ಮಫ್ಲರುಗಳೇ ಸಿಗುತ್ತವೆ. ಆದರೂ ನಾನು ಕೊಡಲು ಬಯಸಿದ್ದು ಬರೀ ಬಟ್ಟೆಯನ್ನಲ್ಲ. ಅವರನ್ನು ನೆನೆಯುತ್ತಾ ಕೂತ ಸಂಜೆಗಳನ್ನೂ ಕೊಡಬೇಕೆಂದಿದ್ದೆ.

ದೊಡ್ಡಮ್ಮನ ಟ್ರಂಕಿನಲ್ಲಿ 1980ರ ದಶಕದ ಕಡ್ಡಿಗಳಿದ್ದವು. ನಮ್ಮ ಮನೆಯ ಮಕ್ಕಳೆಲ್ಲ ತೊಟ್ಟ ಸ್ವೆಟರುಗಳು ಹುಟ್ಟಿದ್ದು ಅವುಗಳಲ್ಲೇ. ನಾನು ನೋಡುತ್ತಿದ್ದ ಅಮೆರಿಕದ ವಿಡಿಯೊದಲ್ಲಿ 8ನೇ ನಂಬರಿನ ಕಡ್ಡಿ ಎಂದಿದ್ದರು. ಟ್ರಂಕಿನಲ್ಲೂ 8 ಸಿಕ್ಕಿತು. ಅದರಲ್ಲಿ ಹೆಣೆದರೆ ಬಟ್ಟೆ ರಟ್ಟಿನಂತೆ ಬಿರುಸು. ಕಾರಣ ತಿಳಿಯಲು ಒಂದು ವಾರ ಬೇಕಾಯಿತು. ನಮ್ಮಲ್ಲಿ ಹಿಂದಿನಿಂದ ಬಂದಿರುವುದು ಬ್ರಿಟಿಷ್ ನಂಬರು. ಅದರ 8 ಎಂದರೆ 4 ಮಿ.ಮೀ. ದಪ್ಪ, ಅಮೆರಿಕದ 8 ಎಂದರೆ 5 ಮಿ.ಮೀ. ಬ್ರಿಟಿಷ್ ಲೆಕ್ಕದಲ್ಲಿ ನಂಬರು ಏರಿದಂತೆ ಕಡ್ಡಿ ತೆಳುವಾಗುತ್ತದೆ, ಅಮೆರಿಕದ್ದರಲ್ಲಿ ದಪ್ಪವಾಗುತ್ತದೆ. ಹಾಗಾಗಿ ಈಗ ಅಂಗಡಿಯಲ್ಲಿ ನಂಬರು ಕೇಳುವುದೇ ಇಲ್ಲ, ಮಿಲಿಮೀಟರ್ ಕೇಳುತ್ತೇನೆ. ಮಫ್ಲರಿಗೆ ಮಧ್ಯಮ ದಪ್ಪದ ದಾರ, 5 ಮಿ.ಮೀ. ಕಡ್ಡಿ. ಕೊರಳ ಸುತ್ತ ಮೆತ್ತಗೆ ಬೀಳುವ ಬಟ್ಟೆ ಬರುತ್ತದೆ.

ಹೆಣಿಗೆಯಲ್ಲಿ ಇರುವುದು ಎರಡೇ, ದಾರವನ್ನು ಕಡ್ಡಿಯ ಹಿಂದೆ ಇಟ್ಟು ಹೆಣೆಯುವ ಸೀದಾ ಮತ್ತು ಮುಂದೆ ಇಟ್ಟು ಹೆಣೆಯುವ ಉಲ್ಟಾ. ಒಂದು ಸಾಲು ಸೀದಾ, ಮರುಸಾಲು ಉಲ್ಟಾ ಹಾಕಿದರೆ ಅಂಗಡಿಯ ಸ್ವೆಟರಿನ ಹಾಗೆ ನುಣ್ಣಗಿನ ಮೈ ಬರುತ್ತದೆ. ಮೊದಲು ನನಗೂ ಅದರ ಮೇಲೇ ಆಸೆ. ಆದರೆ ಮಫ್ಲರಿಗೆ ಅದು ಸಲ್ಲದು: ಅಂಚುಗಳು ಒಳಕ್ಕೆ ಸುರುಳಿ ಸುತ್ತಿಕೊಂಡು ಪಟ್ಟಿ ಕೊಳವೆಯಾಗುತ್ತದೆ. ಎಲ್ಲ ಸಾಲನ್ನೂ ಸೀದಾ ಹೆಣೆದರೆ ಎರಡೂ ಬದಿ ಒಂದೇ ರೀತಿ ಏರಿಳಿತ ಮೂಡಿ ಚಪ್ಪಟೆಯಾಗಿ ನಿಲ್ಲುತ್ತದೆ. ಮಫ್ಲರಿನ ಎರಡೂ ಬದಿ ಕಾಣುವುದರಿಂದ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಹೆಣಿಗೆ ಇಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಲೆಕ್ಕವನ್ನೂ ಹೇಳುತ್ತೇನೆ. ನನ್ನ ಕೈಗೆ ಒಂದು ಇಂಚಿಗೆ ನಾಲ್ಕು ಕುಣಿಕೆ ಬರುತ್ತವೆ, 32 ಕುಣಿಕೆಗೆ ಎಂಟು ಇಂಚು ಅಗಲ. ಉದ್ದಕ್ಕೆ ಇಂಚಿಗೆ ಎಂಟು ಸಾಲು. ಹಾಕಿಕೊಳ್ಳುವವರ ಎತ್ತರದಷ್ಟೇ ಉದ್ದವಿದ್ದರೆ ಸಾಕು ಎಂಬುದು ರೂಢಿ. ಟೊರಾಂಟೊ ಗೆಳತಿಗೆ 160 ಸೆಂ.ಮೀ. ಬೇಕಿತ್ತು, ಅಂದರೆ ಸುಮಾರು 500 ಸಾಲು, 16,000 ಕುಣಿಕೆ. ಆಗ ನನಗೆ ಒಂದು ಸಾಲಿಗೆ ಮೂರು ನಿಮಿಷ ಹಿಡಿಯುತ್ತಿತ್ತು. ಒಟ್ಟು 25 ಗಂಟೆ. ಇದು ಮೊದಲೇ ಗೊತ್ತಿದ್ದರಿಂದ ಅವಳ ವಿಮಾನದ ತಾರೀಖಿಗೆ ಒಂದೂವರೆ ತಿಂಗಳು ಮುಂಚೆಯೇ ಕೂತೆ. ಉಡುಗೊರೆಗೆ ಹೆಣೆಯುವವರು ಹೀಗೆ ಗಂಟೆಗಳನ್ನು ಎಣಿಸಿಕೊಂಡೇ ಕೂರಬೇಕು. ಕೊನೆಯ ವಾರದ ಅವಸರವೆಲ್ಲ ಬಟ್ಟೆಯಲ್ಲಿ ಬಿಗಿಯಾಗಿ ಕಾಣಿಸಿಕೊಳ್ಳುತ್ತದೆ.

ದಾರದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಾನು ನಿಜವಾಗಿ ತಪ್ಪಿದ್ದು ಅಲ್ಲಿ. ನಮ್ಮ ಕಡೆ ಎಲ್ಲಕ್ಕೂ ಉಲ್ಲನ್ ಎಂದೇ ಹೆಸರು. ಅಂಗಡಿಗೆ ಹೋಗಿ ಉಲ್ಲನ್ ಕೊಡಿ ಎಂದರೆ ಸಾಮಾನ್ಯವಾಗಿ ಕೊಡುವುದು ಅಕ್ರಿಲಿಕ್ ಎಂಬ ಕೃತಕ ದಾರ. ಅನುಮಾನವಿದ್ದರೆ ಒಂದು ತುಂಡು ದಾರವನ್ನು ಇಕ್ಕಳದಲ್ಲಿ ಹಿಡಿದು ಬೆಂಕಿ ತೋರಿಸಬೇಕು. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆಂಕಿ ಸರಿಸಿದೊಡನೆ ಆರಿ, ಬೆರಳಿಗೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕೆನಡಾದ ಚಳಿಗೆ ಉಣ್ಣೆಯೇ ಬೇಕೆಂದು ನಾನು ಹಟ ಹಿಡಿದೆ. "ಚಳ್ಳಕೆರೆ ಕಂಬಳಿ ದಾರ ತರಿಸು, ಅದಕ್ಕಿಂತ ಬೆಚ್ಚಗಿನದ್ದು ಯಾವುದಿದೆ" ಎಂದರು ದೊಡ್ಡಮ್ಮ. ಕಂಬಳಿಯ ಬಗ್ಗೆ ಅವರ ಮಾತು ಸತ್ಯ. ಆದರೆ ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು. ಹೊದೆಯಲು, ಹಾಸಲು ಸೈ, ಬರಿಗೊರಳಿಗೆ ಚುಚ್ಚುತ್ತದೆ. ಕೊನೆಗೆ ಬೆಂಗಳೂರಿಂದ ಮೆರಿನೊ ಉಣ್ಣೆಯ ಎರಡು ಲಡಿ ತರಿಸಿದೆ, ತಲಾ 100 ಗ್ರಾಂ. ಕುರ್ಚಿಯ ಬೆನ್ನಿಗೆ ಲಡಿ ಸಿಕ್ಕಿಸಿ ಉಂಡೆ ಸುತ್ತುವಾಗ ಆ ನವಿರಿಗೆ ಕೈ ತಾನಾಗಿ ನಿಧಾನವಾಗುತ್ತಿತ್ತು.

ಮುಗಿಸಿದ ಮೇಲೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಶಾಂಪೂ ಹಾಕಿ ಇಪ್ಪತ್ತು ನಿಮಿಷ ನೆನೆಸಿದೆ. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದೆ. ಚಾಪೆಯ ಮೇಲೆ ಅಂಚು ನೇರಮಾಡಿ, ಗುಂಡುಸೂಜಿ ಚುಚ್ಚಿ ಒಣಗಿಸಿದೆ. ತಂತಿಯ ಮೇಲೆ ಹಾಕಿದರೆ ನೀರಿನ ಭಾರಕ್ಕೆ ಜೋತು ಉದ್ದವಾಗುತ್ತದೆ. ಒಣಗಿದಾಗ ನನ್ನ ಏರುಪೇರಿನ ಕುಣಿಕೆಗಳೆಲ್ಲ ಒಂದಕ್ಕೊಂದು ಹೊಂದಿಕೊಂಡು ಕೂತಿದ್ದವು. ಅವಳು ವಿಮಾನ ನಿಲ್ದಾಣದಿಂದ ಅದನ್ನು ಸುತ್ತಿಕೊಂಡೇ ಫೋಟೊ ಕಳಿಸಿದಳು.

ಮಾರ್ಚ್‌ನಲ್ಲಿ ಫೋನ್ ಬಂತು. ದನಿ ಸಣ್ಣದಾಗಿತ್ತು. "ಕೋಪ ಮಾಡ್ಕೋಬೇಡ ಕಣೇ. ಮಷಿನ್‌ಗೆ ಹಾಕ್ಬಿಟ್ಟೆ. ಬಿಸಿನೀರಿಗೆ."

160 ಸೆಂ.ಮೀ. ಇದ್ದದ್ದು 97 ಆಗಿತ್ತು. ದಪ್ಪಗೆ, ಹಲಗೆಯಂತೆ, ಕುಣಿಕೆಗಳ ಗುರುತೇ ಇಲ್ಲದಂತೆ. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಪೊರೆಯಂಥ ಸಣ್ಣ ಹೊರಪದರಗಳಿವೆ. ಬಿಸಿ, ಸಾಬೂನು, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಮತ್ತೆ ಬಿಡುವುದಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳ ಮೇಲೆ ಸಿಟ್ಟಿರಲಿಲ್ಲ. ಹೊಸ ದೇಶ, ಹೊಸ ಕೆಲಸ, ವಾರಕ್ಕೊಮ್ಮೆ ಬಟ್ಟೆಯನ್ನೆಲ್ಲ ಒಟ್ಟಿಗೆ ಮಷಿನ್‌ಗೆ ಸುರಿಯುವವಳಿಗೆ ಕೈಯಲ್ಲೇ ಒಗೆಯಬೇಕಾದ ವಸ್ತುವನ್ನು ಒಂದು ಮಾತೂ ಹೇಳದೆ ಕೊಟ್ಟವಳು ನಾನು. ದಾರ ಆರಿಸುವಾಗ ಅವಳ ಊರಿನ ಚಳಿಯನ್ನು ನೆನೆದಿದ್ದೆ, ಅವಳ ದಿನವನ್ನು ನೆನೆದಿರಲಿಲ್ಲ.

ಆಮೇಲಿನ ಮೂರನ್ನೂ ನಾನು ಹೆಣೆದದ್ದು ಈ ನೋವಿನಿಂದ ಕಲಿತು. ಕಡ್ಡಿ ಹಿಡಿಯುವ ಮೊದಲು ಫೋನ್ ಮಾಡಿ ಕೇಳಿದೆ: ಎಲ್ಲಿ ಹಾಕಿಕೊಳ್ಳುತ್ತೀಯ, ಯಾವ ಹೊತ್ತಿಗೆ, ಯಾರು ಒಗೆಯುತ್ತಾರೆ, ಹೇಗೆ? ಅಚ್ಚರಿಯ ಉಡುಗೊರೆ ಆಗಲಿಲ್ಲ, ನಿಜ. ಆದರೆ ಆ ಉತ್ತರಗಳಿಲ್ಲದಿದ್ದರೆ ಮೂರೂ ತಪ್ಪಾಗುತ್ತಿದ್ದವು.

ಚಿಕ್ಕಮಗಳೂರಿನವಳು ಬೆಳಿಗ್ಗೆ ಏಳಕ್ಕೆ ಸ್ಕೂಟರಿನಲ್ಲಿ ಹೊರಡುತ್ತಾಳೆ, ಮಂಜು ಇಳಿಯುವ ಹೊತ್ತು. ಅವಳಿಗೆ ಉದ್ದ ಮಫ್ಲರ್ ಕೊಡುವುದು ಅಪಾಯ. ಗಾಳಿಗೆ ಬಿಚ್ಚಿಕೊಂಡ ತುದಿ ಚಕ್ರಕ್ಕೆ ಸಿಕ್ಕಿದರೆ ಏನಾಗುತ್ತದೆಂದು ದುಪಟ್ಟಾದ ಅನಾಹುತಗಳನ್ನು ಕೇಳಿರುವ ನಮಗೆಲ್ಲ ಗೊತ್ತು. ಆದ್ದರಿಂದ ಸ್ವೆಟರಿನ ತೋಳಿನ ತುದಿಗೆ ಹಾಕುವಂತೆ ಒಂದೇ ಸಾಲಿನಲ್ಲಿ ಒಂದು ಕುಣಿಕೆ ಸೀದಾ, ಒಂದು ಉಲ್ಟಾ ಹಾಕಿ 60 ಸೆಂ.ಮೀ. ಅಗಲದ ಪಟ್ಟಿ ಹೆಣೆದು, ಎರಡು ಪಕ್ಕದ ಅಂಚು ಸೇರಿಸಿ ಹೊಲಿದು ಬಳೆಯಂತೆ ಮಾಡಿದೆ. ಈ ಹೆಣಿಗೆ ರಬ್ಬರಿನಂತೆ ಎಳೆದರೆ ಹಿಗ್ಗಿ ತಲೆಯಿಂದ ಇಳಿಯುತ್ತದೆ, ಕೊರಳಿಗೆ ಬಂದು ಕುಗ್ಗಿ ನಿಲ್ಲುತ್ತದೆ. ದಾರ ಅಕ್ರಿಲಿಕ್, ಏಕೆಂದರೆ ಒಗೆಯುವುದು ಅವಳ ಅತ್ತೆ, ಎಲ್ಲ ಬಟ್ಟೆಯ ಜೊತೆಗೆ. ಇಸ್ತ್ರಿ ಮಾತ್ರ ಮುಟ್ಟಿಸಬೇಡಿ ಎಂದು ಚೀಟಿ ಬರೆದಿಟ್ಟೆ. ಬಿಸಿಗೆ ಅಕ್ರಿಲಿಕ್ ಸೊರಗಿ ಜೀವ ಕಳೆದುಕೊಳ್ಳುತ್ತದೆ.

"ನನಗೆಂಥಾ ಮಫ್ಲರ್ ಮಾರಾಯ್ತಿ, ಇಲ್ಲಿ ಬೆವರಿ ಸಾಯುವುದು" ಎಂದಳು ಮಂಗಳೂರಿನವಳು. ಮಾತು ಬೆಳೆದಾಗ ಗೊತ್ತಾಯಿತು, ಅವಳ ಕುರ್ಚಿ ಆಫೀಸಿನಲ್ಲಿ ಎ.ಸಿ.ಯ ನೇರ ಕೆಳಗಿದೆ, ಮಧ್ಯಾಹ್ನವಾದರೆ ಕತ್ತು ಹಿಡಿಯುತ್ತದೆ. ಅವಳಿಗೆ ಹತ್ತಿ ನೂಲಿನಲ್ಲಿ, 6 ಮಿ.ಮೀ. ಕಡ್ಡಿಯಲ್ಲಿ, ಜಾಲರಿಯಂತೆ ಸಡಿಲವಾಗಿ ಹೆಣೆದೆ. ಹತ್ತಿ ಉಣ್ಣೆಯಂತೆ ಹಿಗ್ಗುವುದಿಲ್ಲ, ಕೈ ಬೇಗ ನೋಯುತ್ತದೆ. ಅರ್ಧ ಗಂಟೆಗಿಂತ ಹೆಚ್ಚು ಒಂದೇ ಸಮ ಕೂರುತ್ತಿರಲಿಲ್ಲ. ಉಕ್ಕಿನ ಕಡ್ಡಿಯ ಬದಲು ಬಿದಿರಿನದ್ದು ಹಿಡಿದ ಮೇಲೆ ಕುಣಿಕೆ ಜಾರುವುದೂ ನಿಂತಿತು.

ಧಾರವಾಡದವಳದ್ದು ಕುಂಕುಮ ಬಣ್ಣದ ದಾರ. ಎರಡು ಉಂಡೆ ಮುಗಿದು ಮೂರನೆಯದು ತಂದರೆ ಬಣ್ಣ ಒಂದು ಛಾಯೆ ಕಪ್ಪು. ಸುತ್ತಿದ ಕಾಗದದ ಮೇಲೆ ಬಣ್ಣದ ನಂಬರಿನ ಪಕ್ಕದಲ್ಲೇ ಲಾಟ್ ನಂಬರೂ ಇರುತ್ತದೆ. ಒಂದೇ ಕಡಾಯಿಯಲ್ಲಿ ಅದ್ದಿದ ದಾರಕ್ಕೆ ಒಂದು ಲಾಟ್. ಅದನ್ನು ನೋಡಿರಲಿಲ್ಲ. ಹಳೆಯ ಲಾಟ್ ಎಲ್ಲೂ ಸಿಗದಿದ್ದಾಗ ದೊಡ್ಡಮ್ಮ ದಾರಿ ತೋರಿಸಿದರು: ಕೊನೆಯ ಮೂವತ್ತು ಸಾಲು ಬಿಚ್ಚಿ, ಎರಡು ಸಾಲು ಹಳೆಯದು, ಎರಡು ಸಾಲು ಹೊಸದು ಎಂದು ಬದಲಿಸುತ್ತಾ ಹೆಣೆದು, ಆಮೇಲೆ ಪೂರ್ತಿ ಹೊಸದಕ್ಕೆ ಹೋಗುವುದು. ಬಣ್ಣ ಸಂಜೆಯ ಹಾಗೆ ಮೆಲ್ಲಗೆ ಕಂದಿತು, ಗೆರೆ ಎಳೆದಂತೆ ಕಾಣಲಿಲ್ಲ. ಕೊನೆಯ ಸಾಲಿನ ಕುಣಿಕೆ ಮುಚ್ಚುವಾಗ ನನ್ನ ಕೈ ಬಿಗಿಯಾಗುತ್ತದೆ, ಆ ತುದಿ ಸೆಟೆಯುತ್ತದೆ. ಅದಕ್ಕೆ ಬಲಗೈಗೆ ಮಾತ್ರ ಒಂದು ದಪ್ಪ ಹೆಚ್ಚಿನ ಕಡ್ಡಿ ತೆಗೆದುಕೊಳ್ಳುತ್ತೇನೆ.

ಟೊರಾಂಟೊದವಳಿಗೆ ಎರಡನೆಯದನ್ನು ಮಾಡಿದ್ದು ಎಲ್ಲಕ್ಕಿಂತ ಕೊನೆಗೆ. ಮಷಿನ್ ಒಗೆತಕ್ಕೆಂದೇ ಹದಮಾಡಿದ ಉಣ್ಣೆ ಸಿಗುತ್ತದೆ, ಎಳೆಯ ಹೊರಪದರವನ್ನು ಸವರಿ ಅಥವಾ ಮುಚ್ಚಿ, ಕಚ್ಚಿಕೊಳ್ಳದಂತೆ ಮಾಡಿರುತ್ತಾರೆ. ಅದೇ 32 ಕುಣಿಕೆ, ಅದೇ 500 ಸಾಲು. ಈ ಸಲ 17 ಗಂಟೆಯಲ್ಲಿ ಮುಗಿಯಿತು.

ಅವಳು ರಜೆಗೆ ಬಂದಾಗ ಹಳೆಯದನ್ನೂ ಪೆಟ್ಟಿಗೆಯಲ್ಲಿ ಮಡಚಿ ತಂದಿದ್ದಳು, ಬಿಸಾಕಲು ಮನಸ್ಸಾಗಲಿಲ್ಲವಂತೆ. ಹಾಗೆ ಗಟ್ಟಿಯಾದ ಉಣ್ಣೆಯನ್ನು ಕತ್ತರಿಸಿದರೂ ಎಳೆ ಬಿಡುವುದಿಲ್ಲ. ದೊಡ್ಡಮ್ಮ ಅದನ್ನು ಕೈಯಲ್ಲಿ ಒತ್ತಿ ನೋಡಿ, ಕತ್ತರಿ ತಂದು, ಅಂಗೈ ಅಗಲದ ಚೌಕಗಳಾಗಿ ಕತ್ತರಿಸಿದರು. ಅಕ್ರಿಲಿಕ್ ಆಗಿದ್ದರೆ ಕರಗುತ್ತಿತ್ತು, ಉಣ್ಣೆ ಬಿಸಿ ತಡೆಯುತ್ತದೆ. ಈಗ ನಮ್ಮ ಮನೆಯಲ್ಲಿ ಒಲೆಯಿಂದ ಸಾರಿನ ಪಾತ್ರೆ ಇಳಿಸುವುದು ಅದರಲ್ಲೇ. ಎರಡು ಚೌಕಗಳನ್ನು ಅವಳು ಕೇಳಿ ತೆಗೆದುಕೊಂಡು ಹೋದಳು.