ಹುಳುಮನೆಯಲ್ಲಿ ಹಿಡಿದ ಡ್ರಮ್ಸ್ ಸದ್ದು

ನಮ್ಮ ಹಾರ್ಡ್ ರಾಕ್ ಬ್ಯಾಂಡಿನ ಮೊದಲ ಆಲ್ಬಮ್‌ಗೆ ಡ್ರಮ್ಸ್ ರೆಕಾರ್ಡ್ ಮಾಡಿದ್ದು ಕೋಲಾರದ ಹತ್ತಿರ, ನಮ್ಮ ಸೋದರಮಾವನ ರೇಷ್ಮೆ ಹುಳುಮನೆಯಲ್ಲಿ. ಗೂಡು ಬಿಡಿಸಿ ಮಾರ್ಕೆಟ್‌ಗೆ ಹಾಕಿಯಾಗಿತ್ತು. "ಚಾಕಿ ಹುಳ ಬರೋದ್ರೊಳಗೆ ಮುಗಿಸ್ಕೊಳ್ರಪ್ಪಾ" ಅಂದರು ಮಾವ. ಚಾಕಿ ಅಂದರೆ ಮರಿ ಹುಳ. ಕೈಯಲ್ಲಿ ಆರು ದಿನ ಇತ್ತು.

ಅದಕ್ಕೂ ಮೊದಲು ಒಂದು ಸಣ್ಣ ಸ್ಟುಡಿಯೋದಲ್ಲಿ ಎರಡು ಹಾಡು ಮಾಡಿದ್ದೆವು. ಡ್ರಮ್ಸ್ ರಟ್ಟಿನ ಡಬ್ಬ ಬಡಿದ ಹಾಗೆ ಕೇಳಿಸಿತ್ತು. ಈ ಸಂಗೀತದಲ್ಲಿ ಡ್ರಮ್ಸ್‌ಗೆ ಉಸಿರಾಡಲು ಜಾಗ ಬೇಕೇ ಬೇಕು.

ನಮ್ಮ ಹತ್ತಿರ ಇದ್ದದ್ದು ನಾಲ್ಕೇ ಮೈಕು. ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್ 1968ರಲ್ಲಿ ಲಂಡನ್ನಿನಲ್ಲಿ ಮೊದಲ ಆಲ್ಬಮ್ ರೆಕಾರ್ಡ್ ಮಾಡಿದಾಗ ಎಂಜಿನಿಯರ್ ಆಗಿದ್ದವರು ಗ್ಲಿನ್ ಜಾನ್ಸ್. ಕೆಲವೇ ಮೈಕಿನಲ್ಲಿ ಡ್ರಮ್ಸ್ ಹಿಡಿಯುವುದಕ್ಕೆ ಅವರ ಹೆಸರಿನಲ್ಲೇ ಒಂದು ಪದ್ಧತಿ ಇದೆ, ನಾವೂ ಅದನ್ನೇ ಹಿಡಿದೆವು. ಒಂದು ಮೈಕು ಸ್ನೇರ್‌ನ (ಚಟ್ ಅನ್ನುವ ಸಣ್ಣ ಡ್ರಮ್) ಮೇಲೆ ಎತ್ತರದಲ್ಲಿ, ಇನ್ನೊಂದು ಫ್ಲೋರ್ ಟಾಮ್ (ನೆಲದ ಮೇಲೆ ನಿಲ್ಲುವ ಡ್ರಮ್) ಪಕ್ಕದಲ್ಲಿ. ಕಾಲಲ್ಲಿ ಬಾರಿಸುವ ಕಿಕ್ ಡ್ರಮ್‌ಗೆ ಒಂದು, ಸ್ನೇರ್‌ಗೆ ಹತ್ತಿರದಲ್ಲೇ ಒಂದು. ಮೊದಲ ಎರಡು ಮೈಕೂ ಸ್ನೇರ್‌ನಿಂದ ಸಮ ದೂರದಲ್ಲಿರಬೇಕು. ಮೊದಲ ದಿನ ನಾನು ಕಣ್ಣಳತೆಯಲ್ಲಿ ಇಟ್ಟೆ. ಸ್ನೇರ್ ತೆಳ್ಳಗಾಗಿ ಹೋಯಿತು. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಹೋಗುತ್ತದೆ. ಒಂದಡಿ ಹೆಚ್ಚುಕಮ್ಮಿಯಾದರೂ ಎರಡು ಮೈಕಿನ ಸದ್ದು ಅಲ್ಲಲ್ಲಿ ಒಂದನ್ನೊಂದು ತಿಂದುಹಾಕುತ್ತದೆ. ಮಾರನೇ ದಿನ ಗೋಣಿ ಹೊಲಿಯುವ ಹುರಿ ಹಿಡಿದು ಅಳೆದೆ. ಸ್ನೇರ್‌ಗೆ ಮೈ ಬಂತು!

ಆದರೆ ಸಿಂಬಲ್ (ಲೋಹದ ತಟ್ಟೆ) ಹೊಡೆದರೆ ಗೋಡೆ, ಚಾವಣಿಯ ಶೀಟು ಎಲ್ಲ ಸೇರಿ ಕಿವಿಗೆ ಚುಚ್ಚುತ್ತಿತ್ತು. ಮೂಲೆಯಲ್ಲಿದ್ದ ಚಂದ್ರಿಕೆಗಳನ್ನು (ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ) ತಂದು ಗೋಡೆಗೆ ಒರಗಿಸಿದೆವು, ನೆಲಕ್ಕೆ ಗೋಣಿಚೀಲ ಹಾಸಿದೆವು. ಚಂದ್ರಿಕೆಯ ಬಿದಿರಿನ ಸುರುಳಿಗಳಿಗೆ ತಾಗಿ ಸದ್ದು ಚೆದುರಿತು. ಗುಂಯ್‌ಗುಡುವುದು ಉಳಿಯಿತು, ಚುಚ್ಚುವುದು ಕಡಿಮೆಯಾಯಿತು. ದುಡ್ಡು ಕೊಟ್ಟು ತಂದ ಫೋಮ್ ಹಲಗೆಗಿಂತ ಇದೇ ಚೆನ್ನಾಗಿತ್ತು ಅಂತ ಈಗಲೂ ಹೇಳುತ್ತೇನೆ.

ಮಧ್ಯಾಹ್ನ ಬಿಸಿಲಿಗೆ ಶೀಟು ಟಕ್ ಟಕ್ ಅನ್ನುತ್ತಿತ್ತು. ಹಾಗಾಗಿ ಬೆಳಗಿನ ಜಾವ ಮತ್ತು ರಾತ್ರಿ ಮಾತ್ರ ಕೆಲಸ. ರಾತ್ರಿ ಟ್ಯೂಬ್‌ಲೈಟ್ ಹಾಕಿದರೆ ಗಿಟಾರಿನಲ್ಲಿ ಜುಂಯ್ ಅಂತ ಸದ್ದು. ಲೈಟ್ ಆರಿಸಿ ಟಾರ್ಚ್ ಬೆಳಕಲ್ಲಿ ನುಡಿಸಿದೆವು. ಬಾಸ್ ಆಮೇಲೆ ಮನೆಯಲ್ಲಿ ಸೇರಿಸಿದ್ದು, ಹಾಡುಗಾರಿಕೆಯೂ ಅಷ್ಟೇ.

ವೇಗ ಒಂದೇ ಸಮ ಇರಲು ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಇಟ್ಟುಕೊಳ್ಳಲಿಲ್ಲ. ಮೂರನೇ ಹಾಡಿನ ಪಲ್ಲವಿಗೆ ಬಂದಾಗ ವೇಗ ಜಾಸ್ತಿಯಾಗುತ್ತದೆ. ಅದನ್ನು ಸರಿಪಡಿಸಬೇಕು ಅಂತ ಒಬ್ಬ ಹೇಳಿದ. ನಾನು ಬಿಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸಿದಾಗ ಬಂದ ವೇಗ ಅದು, ಅಲ್ವಾ?

ಆರನೇ ದಿನ ಬೆಳಗ್ಗೆ ಎಂಟಕ್ಕೆ ಡ್ರಮ್ಸ್ ಬಿಚ್ಚಿದೆವು. ಮಾವ ಚಂದ್ರಿಕೆ ಎಣಿಸಿ ಹೊರಗೆ ಬಿಸಿಲಿಗೆ ಇಡಿಸಿದರು. ಹತ್ತರ ಹೊತ್ತಿಗೆ ಒಳಗೆ ಬ್ಲೀಚಿಂಗ್ ಪೌಡರ್ ನೀರು ಹೊಡೆಯಲು ಶುರು ಮಾಡಿದ್ದರು.