ಉತಾದಾ ಹಿಕಾರು ಹಾಡುಗಳಿಗೆ ಸ್ಥಾನ ಕೊಡುವ ಕ್ರಮ, ಜೊತೆಗೆ ಜಗಳವಾಡುವ ಕ್ರಮ

ಜಪಾನಿನ ಪಾಪ್ ತಾರೆ ಉತಾದಾ ಹಿಕಾರು ಅವರ ಹಾಡುಗಳ ಪಟ್ಟಿಯಲ್ಲಿ "ಫಸ್ಟ್ ಲವ್" ಮೊದಲ ಸ್ಥಾನಕ್ಕೆ ಬರಲೇಬಾರದು ಎಂಬ ಹಟ ನನಗಿಲ್ಲ. ವಾದವಿಲ್ಲದೆ ಬರಬಾರದು, ಅಷ್ಟೆ. ಟೋಕಿಯೊದಲ್ಲಿ ನಮ್ಮದೊಂದು ಏಳು ಜನರ ಗುಂಪಿದೆ. ನಾನು ಮತ್ತು ಪುಣೆಯ ಗೆಳೆಯನೊಬ್ಬ ಭಾರತದವರು, ಉಳಿದ ಐವರು ಇಲ್ಲಿಯವರೇ. ಉತಾದಾ ಹಿಕಾರು ಅವರ ಮೊದಲ ಸಿಂಗಲ್ "ಆಟೋಮ್ಯಾಟಿಕ್" ಬಿಡುಗಡೆಯಾದದ್ದು 1998ರ ಡಿಸೆಂಬರ್ 9ರಂದು. ಪ್ರತಿ ವರ್ಷ ಆ ದಿನದ ಆಸುಪಾಸಿನಲ್ಲಿ ಒಂದು ಕರೋಕೆ ಕೋಣೆ ಹಿಡಿದು, ಅವರ ಹಾಡುಗಳಲ್ಲಿ ಶ್ರೇಷ್ಠ ಹತ್ತು ಯಾವುವು ಎಂದು ಕಿತ್ತಾಡುತ್ತೇವೆ. ಕಿತ್ತಾಟಕ್ಕೂ ಒಂದು ಕ್ರಮ ಬೇಕು. ಇಲ್ಲದಿದ್ದರೆ ಜೋರು ದನಿಯವನ ಪಟ್ಟಿಯೇ ಎಲ್ಲರ ಪಟ್ಟಿಯಾಗಿಬಿಡುತ್ತದೆ. ನೀವೂ ಇಂಥದ್ದಕ್ಕೆ ಕೈಹಾಕುವವರಿದ್ದರೆ ನಮ್ಮ ಕ್ರಮ ಹೀಗಿದೆ.

ಮೊದಲ ಕೆಲಸ, ಯಾವುದನ್ನು ಒಂದು ಹಾಡೆಂದು ಲೆಕ್ಕಕ್ಕೆ ಹಿಡಿಯಬೇಕು ಎಂದು ತೀರ್ಮಾನಿಸುವುದು. ಬೇರೆ ಗಾಯಕರಾದರೆ ಇದು ಎರಡು ಮಾತಿನಲ್ಲಿ ಮುಗಿಯುತ್ತದೆ. ಉತಾದಾ ಅವರ ವಿಷಯದಲ್ಲಿ ಅರ್ಧ ಸಂಜೆ ಬೇಕು. 2002ರ "ಹಿಕಾರಿ" ಕಿಂಗ್‌ಡಮ್ ಹಾರ್ಟ್ಸ್ ಎಂಬ ವಿಡಿಯೊ ಗೇಮ್‌ಗೆ ಬಂದ ಹಾಡು. ಅದಕ್ಕೆ "ಸಿಂಪಲ್ ಅಂಡ್ ಕ್ಲೀನ್" ಎಂಬ ಇಂಗ್ಲಿಷ್ ರೂಪವಿದೆ. ಅದು ಅನುವಾದವಲ್ಲ, ಸಾಹಿತ್ಯವೇ ಬೇರೆ. "ಪ್ಯಾಶನ್" ಮತ್ತು "ಸ್ಯಾಂಕ್ಚುವರಿ", "ಚಿಕಾಯಿ" ಮತ್ತು "ಡೋಂಟ್ ಥಿಂಕ್ ಟ್ವೈಸ್" ಕೂಡ ಇಂಥವೇ ಜೋಡಿಗಳು. "ಫ್ಲೇವರ್ ಆಫ್ ಲೈಫ್" ಹಾಡಿಗೆ ಮೂಲ ರೂಪವೊಂದು, ಟಿ.ವಿ. ಧಾರಾವಾಹಿಯಲ್ಲಿ ಬಂದ ನಿಧಾನಗತಿಯ ರೂಪವೊಂದು. ಹೆಚ್ಚಿನವರಿಗೆ ಗೊತ್ತಿರುವುದು ಎರಡನೆಯದು. ಇವೆಲ್ಲದರ ಮೇಲೆ 2024ರ "ಸೈನ್ಸ್ ಫಿಕ್ಷನ್" ಸಂಕಲನಕ್ಕೆಂದು "ಟ್ರಾವೆಲಿಂಗ್", "ಹಿಕಾರಿ", "ಅಡಿಕ್ಟೆಡ್ ಟು ಯೂ" ಮೂರನ್ನೂ ಹೊಸದಾಗಿ ಹಾಡಿ ಮುದ್ರಿಸಿದ್ದಾರೆ.

ನಮ್ಮ ನಿಯಮ ಸರಳ. ಭಾಷೆ ಮಾತ್ರ ಬದಲಾಗಿದ್ದರೆ ಎರಡೂ ಸೇರಿ ಒಂದೇ ಹಾಡು. ಗತಿ, ವಾದ್ಯ, ಭಾವ ಮೂರೂ ಬದಲಾಗಿದ್ದರೆ ಎರಡು ಹಾಡು. ಮರುಮುದ್ರಣ ಮತ್ತು ರೀಮಿಕ್ಸ್‌ಗಳು ಲೆಕ್ಕಕ್ಕಿಲ್ಲ. ಈ ನಿಯಮವನ್ನು ಪರೀಕ್ಷಿಸಬೇಕಾದರೆ "ಡಿಸ್ಟೆನ್ಸ್" ಮತ್ತು "ಫೈನಲ್ ಡಿಸ್ಟೆನ್ಸ್" ಹಾಕಿ ಕೇಳಿ. ಮೊದಲನೆಯದು 2001ರ ಆಲ್ಬಂನಲ್ಲಿರುವ ಚುರುಕಾದ ಹಾಡು. ಅದೇ ವರ್ಷದ ಜೂನ್‌ನಲ್ಲಿ ಒಸಾಕಾದ ಇಕೆದಾ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಹತ್ಯೆ ನಡೆಯಿತು. ಸತ್ತವರಲ್ಲಿ ಉತಾದಾ ಅವರ ಅಭಿಮಾನಿಯಾಗಿದ್ದ ಒಬ್ಬ ಬಾಲಕಿಯೂ ಇದ್ದಳು. ಅದೇ ಹಾಡಿನ ವೇಗ ಇಳಿಸಿ, ತಂತಿವಾದ್ಯಗಳನ್ನು ತುಂಬಿ ರೂಪಿಸಿದ "ಫೈನಲ್ ಡಿಸ್ಟೆನ್ಸ್" ಅನ್ನು ಉತಾದಾ ಆ ಮಗುವಿಗೆ ಅರ್ಪಿಸಿದರು. ಮಾತುಗಳು ಬಹುಪಾಲು ಹಳೆಯವೇ. ಒಂದರಲ್ಲಿ ಪ್ರೇಮಿಗಳ ಮುನಿಸು ಕೇಳುತ್ತದೆ, ಇನ್ನೊಂದರಲ್ಲಿ ದಾಟಲಾಗದ ದೂರ. ಇವೆರಡನ್ನು ಒಂದೇ ಸ್ಥಾನದಲ್ಲಿ ಕೂರಿಸಲು ನನಗಂತೂ ಮನಸ್ಸು ಬರುವುದಿಲ್ಲ.

"ಉತಾದಾ" ಎಂಬ ಒಂಟಿ ಹೆಸರಿನಲ್ಲಿ ಬಂದ ಇಂಗ್ಲಿಷ್ ಆಲ್ಬಂಗಳೂ ಇವೆ: 2004ರ "ಎಕ್ಸೋಡಸ್", 2009ರ "ದಿಸ್ ಈಸ್ ದ ಒನ್". ಇವನ್ನು ಸೇರಿಸಿಕೊಳ್ಳಿ. ಸೇರಿಸಿದರೆ ನಷ್ಟವೇನಿಲ್ಲ, "ಈಸಿ ಬ್ರೀಜಿ" ಪರವಾಗಿ ವಾದಿಸುವ ಧೈರ್ಯವಂತ ಯಾರೆಂಬುದಾದರೂ ಗೊತ್ತಾಗುತ್ತದೆ. ನಮ್ಮಲ್ಲಿ ಒಬ್ಬನಿದ್ದಾನೆ.

ಎರಡನೆಯದಾಗಿ, ಪಟ್ಟಿ ಬರೆಯುವ ಮುನ್ನ ಪ್ರತಿಯೊಬ್ಬರೂ ತಾವು ಯಾವ ಬಾಗಿಲಿನಿಂದ ಒಳಗೆ ಬಂದವರು ಎಂದು ಹೇಳಬೇಕು. ಕಿಂಗ್‌ಡಮ್ ಹಾರ್ಟ್ಸ್ ಆಡಿ ಬಂದವರಿದ್ದಾರೆ. ಎವಾಂಗೆಲಿಯನ್ ಎಂಬ ಅನಿಮೇಷನ್ ಚಿತ್ರಗಳ ಕೊನೆಯಲ್ಲಿ "ಬ್ಯೂಟಿಫುಲ್ ವರ್ಲ್ಡ್", "ಸಕುರಾ ನಗಾಶಿ", "ಒನ್ ಲಾಸ್ಟ್ ಕಿಸ್" ಕೇಳಿ ಬಂದವರಿದ್ದಾರೆ, ನಾನು ಆ ಪೈಕಿ. ಶಾಲೆಯಲ್ಲಿದ್ದಾಗಲೇ ಅಂಗಡಿಗೆ ಓಡಿ ಸಿ.ಡಿ. ಕೊಂಡ ಗೆಳತಿಯೊಬ್ಬಳಿದ್ದಾಳೆ. "ಆಟೋಮ್ಯಾಟಿಕ್" ಆಗ ಎಂಟು ಸೆಂಟಿಮೀಟರಿನ ಪುಟ್ಟ ಸಿ.ಡಿ.ಯಾಗಿಯೂ ಹನ್ನೆರಡರ ದೊಡ್ಡ ಸಿ.ಡಿ.ಯಾಗಿಯೂ ಬಂದಿತ್ತು, ಅವಳ ಬಳಿ ಇಂದಿಗೂ ಎರಡೂ ಇವೆ. ಬಾಗಿಲು ಹೇಳಿಕೊಂಡರೆ ಪಕ್ಷಪಾತ ಮಾಯವಾಗುವುದಿಲ್ಲ. ಎದುರಿನವರ ಕಣ್ಣಿಗೆ ಕಾಣುತ್ತದೆ, ಅದು ಸಾಕು. ನನಗೆ ಇನ್ನೊಂದು ಪಕ್ಷಪಾತವೂ ಇದೆ. "ಡೀಪ್ ರಿವರ್" ಹಾಡಿನ ಹೆಸರಿಗೆ ಪ್ರೇರಣೆ ಎಂದೊ ಶೂಸಾಕು ಅವರ ಕಾದಂಬರಿ. ಅದರಲ್ಲಿ ಜಪಾನಿನ ಪ್ರವಾಸಿಗರು ಗಂಗೆಯ ದಡಕ್ಕೆ, ಕಾಶಿಗೆ ಬರುತ್ತಾರೆ. ಭಾರತದವನೆಂಬ ಕಾರಣಕ್ಕೆ ನಾನು ಅದಕ್ಕೆ ಒಂದು ಅಂಕ ಹೆಚ್ಚು ಕೊಡುತ್ತೇನೆಂದು ಎಲ್ಲರಿಗೂ ಗೊತ್ತು. ಕೊಡುತ್ತೇನೆ ಕೂಡ.

ಇನ್ನು ಪಟ್ಟಿ. ಮನೆಯಲ್ಲೇ, ಯಾರೊಂದಿಗೂ ಚರ್ಚಿಸದೆ, ಕಾಗದದ ಮೇಲೆ ಹತ್ತು ಹಾಡು ಬರೆದು ತರಬೇಕು. ಕೋಣೆಗೆ ಬಂದ ಮೇಲೆ ಬರೆಯುವ ಪಟ್ಟಿ ಪಕ್ಕದವರ ಮುಖ ನೋಡಿ ಬರೆದ ಪಟ್ಟಿಯಾಗುತ್ತದೆ. ಹತ್ತರಲ್ಲಿ ಕನಿಷ್ಠ ಮೂರಾದರೂ ಸಿಂಗಲ್ ಆಗಿ ಬರದ, ಆಲ್ಬಂನೊಳಗೇ ಉಳಿದ ಹಾಡಾಗಿರಲಿ. ಈ ಒಂದು ಷರತ್ತಿನಿಂದ ಪಟ್ಟಿಯ ಮಟ್ಟ ಎಷ್ಟು ಏರುತ್ತದೆಂದು ಒಮ್ಮೆ ಮಾಡಿ ನೋಡಿ. 2022ರ "ಬ್ಯಾಡ್ ಮೋಡ್" ಆಲ್ಬಂನ ಕೊನೆಯತ್ತ ಫ್ಲೋಟಿಂಗ್ ಪಾಯಿಂಟ್ಸ್ ಎಂಬ ಹೆಸರಿನ ಬ್ರಿಟಿಷ್ ಸಂಗೀತಗಾರನ ಜೊತೆ ಮಾಡಿದ, ಹನ್ನೆರಡು ನಿಮಿಷಕ್ಕೆ ಹತ್ತಿರದ ಹಾಡೊಂದಿದೆ: "ಸಮ್‌ವೇರ್ ನಿಯರ್ ಮಾರ್ಸೆ". ಷರತ್ತಿಲ್ಲದಿದ್ದಾಗ ಅದರ ಹೆಸರೆತ್ತುವವರೇ ಇರಲಿಲ್ಲ.

ಅಂಕ ಕೊಡುವ ವಿಧಾನದಲ್ಲೇ ಎಲ್ಲರೂ ಎಡವುವುದು, ಹಾಗಾಗಿ ಇಲ್ಲಿ ತುಸು ನಿಲ್ಲುತ್ತೇನೆ. ಮೊದಲ ಸ್ಥಾನಕ್ಕೆ ಹತ್ತು, ಎರಡನೆಯದಕ್ಕೆ ಒಂಬತ್ತು, ಹೀಗೆ ಹತ್ತನೆಯದಕ್ಕೆ ಒಂದು ಎಂದು ಕೊಟ್ಟು ಕೂಡುವುದು ರೂಢಿ. ಏಳು ಜನರಲ್ಲಿ ನಾಲ್ವರು "ಸಕುರಾ ನಗಾಶಿ"ಯನ್ನು ಮೊದಲಿಟ್ಟರು, ಉಳಿದ ಮೂವರು ಪಟ್ಟಿಗೇ ಸೇರಿಸಲಿಲ್ಲ ಎನ್ನೋಣ. ಅದಕ್ಕೆ ಸಿಕ್ಕಿದ್ದು 40. "ಟ್ರಾವೆಲಿಂಗ್" ಯಾರ ಪಟ್ಟಿಯಲ್ಲೂ ಮೊದಲಿಲ್ಲ, ಆದರೆ ಏಳೂ ಪಟ್ಟಿಗಳಲ್ಲಿ ನಾಲ್ಕನೆಯದು. ಏಳೇಳಲಿ 49. ಬಹುಮತದವರು ಅತ್ಯುತ್ತಮ ಎಂದ ಹಾಡು ಸೋತು, ಯಾರೂ ಅತ್ಯುತ್ತಮ ಎನ್ನದ ಹಾಡು ಗೆದ್ದಿತು! ಈ ಕೂಡುವ ಲೆಕ್ಕ ಯಾವಾಗಲೂ "ಪರವಾಗಿಲ್ಲ" ಎನ್ನಿಸಿಕೊಂಡ ಹಾಡಿನ ಕಡೆಗೇ ವಾಲುತ್ತದೆ. ಆದ್ದರಿಂದ ಕೂಡುವ ಲೆಕ್ಕವನ್ನು ಹತ್ತು ಹಾಡುಗಳನ್ನು ಆರಿಸುವುದಕ್ಕಷ್ಟೇ ಬಳಸಿ. ಮೇಲಿನ ನಾಲ್ಕು ಸ್ಥಾನಗಳನ್ನು ಎರಡೆರಡೇ ಹಾಡುಗಳ ಮುಖಾಮುಖಿಯಿಂದ ತೀರ್ಮಾನಿಸಿ. ಎರಡನ್ನೂ ಕೇಳಬೇಕು, ವಾದಿಸಬೇಕು, ಕೈ ಎತ್ತಬೇಕು. ಗುಂಪು ಬೆಸಸಂಖ್ಯೆಯಲ್ಲಿರಲಿ.

ಕೇಳುವಾಗ ವಿಡಿಯೊ ಬೇಡ. "ಆಟೋಮ್ಯಾಟಿಕ್" ಎಂದೊಡನೆ ತಗ್ಗು ಸೂರಿನ ಕೋಣೆಯಲ್ಲಿ ಬಗ್ಗಿ ಬಗ್ಗಿ ಹಾಡುವ ಹದಿನೈದರ ಹುಡುಗಿ ಕಣ್ಣ ಮುಂದೆ ಬಂದರೆ ಕಿವಿಗೆ ಕೆಲಸವೇ ಉಳಿಯುವುದಿಲ್ಲ. ಎರಡೂ ಹಾಡಿಗೆ ಒಂದೇ ಸ್ಪೀಕರ್, ಒಂದೇ ಮಟ್ಟದ ಧ್ವನಿ. ಕರೋಕೆ ಕೋಣೆ ಹಿಡಿದಿರುವುದು ಹಾಡುವುದಕ್ಕೂ ಹೌದು, ಆದರೆ ಮತದಾನ ಮುಗಿಯುವ ತನಕ ಮೈಕ್ ಮುಟ್ಟಬೇಡಿ. ಚೆನ್ನಾಗಿ ಹಾಡುವ ಗೆಳತಿ ಯಾವ ಹಾಡು ಎತ್ತಿಕೊಂಡರೂ ಅದಕ್ಕೆ ಎರಡು ಮತ ಪುಕ್ಕಟೆ.

ವಾದದ ನಿಯಮಗಳು ಮೂರೇ. ಮಾರಾಟದ ಲೆಕ್ಕ ತರಬಾರದು. "ಫಸ್ಟ್ ಲವ್" ಆಲ್ಬಂ ಜಪಾನಿನಲ್ಲಿ ಹಾಡುಗಳ ಮಾರಾಟ ಎಣಿಸುವ ಒರಿಕಾನ್ ಸಂಸ್ಥೆಯ ಲೆಕ್ಕದಲ್ಲಿ 76 ಲಕ್ಷ ಪ್ರತಿ ದಾಟಿದ್ದು, ಜಪಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಅದೇ ಎಂಬುದು, 2001ರ ಮಾರ್ಚ್ 28ರಂದು ಇನ್ನೊಬ್ಬ ಪಾಪ್ ತಾರೆ ಹಮಾಸಾಕಿ ಅಯುಮಿ ಅವರ ಸಂಕಲನದ ಎದುರು ಅದೇ ದಿನ ಬಿಡುಗಡೆಯಾದ "ಡಿಸ್ಟೆನ್ಸ್" ಆಲ್ಬಂ ಮೊದಲ ವಾರದಲ್ಲೇ 30 ಲಕ್ಷ ದಾಟಿದ್ದು, ಎಲ್ಲವೂ ನಿಜ. ಆದರೆ ಅದು ಅಂಗಡಿಯ ಸುದ್ದಿ, ಹಾಡಿನ ಸುದ್ದಿಯಲ್ಲ. ಎರಡನೆಯದು, "ನಿನಗೆ ಜಪಾನಿ ಅಷ್ಟಾಗಿ ಬರುವುದಿಲ್ಲ" ಎಂದು ಯಾರ ಬಾಯನ್ನೂ ಮುಚ್ಚಿಸಬಾರದು. ಮೂರನೆಯದೇ ಮುಖ್ಯ: ಹೊಗಳುವವರು ಹಾಡಿನೊಳಗಿನ ಜಾಗ ತೋರಿಸಿ ಹೊಗಳಬೇಕು. ಮೈ ಜುಮ್ಮೆಂದಿತು, ಕಣ್ಣು ತುಂಬಿತು ಎಂಬುದು ಸಾಕ್ಷ್ಯವಲ್ಲ. ಎಲ್ಲಿ ತುಂಬಿತು, ಆಗ ಹಾಡಿನಲ್ಲಿ ಏನಾಗುತ್ತಿತ್ತು?

ಜಾಗ ತೋರಿಸುವುದೆಂದರೆ ಹೀಗೆ. "ಆಟೋಮ್ಯಾಟಿಕ್" ಮೊದಲ ಸಾಲಿನಲ್ಲಿ ಏಳನೆಯ ಬಾರಿ ಗಂಟೆ ಬಡಿದಾಗ ನೀನು ಫೋನ್ ಎತ್ತಿದೆ ಎಂಬ ಮಾತಿದೆ. ಗಂಟೆಗೆ ಅವರು ಬಳಸಿದ ಪದ "ಬೆರು". ಅದರ "ಬೆ" ಒಂದು ಸಾಲಿನ ಕೊನೆಗೆ ಬಿದ್ದು, "ರು" ಮುಂದಿನ ಸಾಲಿನ ತಲೆಗೆ ಹೋಗಿ ಕೂರುತ್ತದೆ. ಭಾಮಿನಿ ಷಟ್ಪದಿಯಲ್ಲಿ ಪದ ಅರ್ಧಕ್ಕೆ ಮುರಿದು ಮುಂದಿನ ಪಾದಕ್ಕೆ ಹೊರಳುವುದನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ ಇದು ಹೊಸತಲ್ಲ. 1998ರ ಜಪಾನಿ ಪಾಪ್ ಕೇಳುಗರಿಗೆ ಮಾತ್ರ ಹೊಸತಾಗಿತ್ತು. "ಟ್ರಾವೆಲಿಂಗ್" ಇನ್ನೊಂದು. ಶುಕ್ರವಾರದ ಮಧ್ಯಾಹ್ನ, ಟ್ಯಾಕ್ಸಿ ಬೇಗನೆ ಸಿಕ್ಕ ಖುಷಿಯಲ್ಲಿ ಹೊರಟ ಹಾಡು ಅದು. ಕುಣಿಯುತ್ತಾ ಕುಣಿಯುತ್ತಾ ನಡುವೆ "ವಸಂತದ ಇರುಳಿನ ಕನಸಿನಂತೆ" ಎಂಬ ಮಾತು ತೂರಿ ಬರುತ್ತದೆ. ಅದು ಹೈಕೆ ಮೊನೊಗಾತಾರಿ ಎಂಬ ಹಳೆಯ ಯುದ್ಧಕಥನದ ಆರಂಭದ ಮಾತು, ಇಲ್ಲಿ ಶಾಲೆಯ ಮಕ್ಕಳಿಗೂ ಬಾಯಿಪಾಠ. ಟ್ಯಾಕ್ಸಿಯ ಖುಷಿಯೂ ಉಳಿಯುವುದಿಲ್ಲ ಎಂಬ ಸೂಚನೆ ಕುಣಿತದ ನಡುವೆಯೇ ಬಂದು ಹೋಗುತ್ತದೆ. ಹೀಗೆ ತೋರಿಸಿದರೆ ಎದುರಿನವರು ಸುಮ್ಮನೆ ತಲೆಯಾಡಿಸುವಂತಿಲ್ಲ, ತಮ್ಮ ಹಾಡಿನಲ್ಲೂ ಜಾಗ ಹುಡುಕಲೇಬೇಕು.

ಕಳೆದ ಸಲದ ಮುಖಾಮುಖಿಯೊಂದನ್ನು ಮಾದರಿಗೆ ಕೊಡುತ್ತೇನೆ. 1999ರ "ಫಸ್ಟ್ ಲವ್" ಒಂದು ಕಡೆ, ಅದೇ ಹೆಸರನ್ನು ಜಪಾನಿಯಲ್ಲಿ ಹೊತ್ತ 2018ರ "ಹತ್ಸುಕೋಯ್" ಇನ್ನೊಂದು ಕಡೆ. ಹಳೆಯದರ ಪರ ನಿಂತವಳು ಸಿ.ಡಿ. ಗೆಳತಿ. ಹಾಡು ಶುರುವಾಗುವುದೇ ಕೊನೆಯ ಮುತ್ತಿನಿಂದ, ಅದರಲ್ಲಿದ್ದ ತಂಬಾಕಿನ ರುಚಿಯಿಂದ. ನಾಳೆ ಇಷ್ಟು ಹೊತ್ತಿಗೆ ನೀನು ಎಲ್ಲಿರುತ್ತೀಯೋ, ಯಾರನ್ನು ನೆನೆಯುತ್ತಿರುತ್ತೀಯೋ ಎಂದು ಮುಂದುವರಿಯುತ್ತದೆ. ಹದಿನಾರರ ಹರೆಯದಲ್ಲಿ ಮುಗಿದ ಪ್ರೇಮವನ್ನು ಇಷ್ಟು ತಣ್ಣಗೆ ನೋಡಿದವರು ಬೇರೆ ಯಾರಿದ್ದಾರೆ ಎಂಬುದು ಅವಳ ಪ್ರಶ್ನೆ. ನಾನು ಹೊಸದರ ಪರ. ಅದರಲ್ಲಿ ಮೊದಲು ಬರುವುದು ಮೈ: ಗದ್ದಲವೆನ್ನಿಸುವಷ್ಟು ಬಡಿದುಕೊಳ್ಳುವ ಎದೆ, ಎಂದೂ ಇಲ್ಲದೆ ಹಿಂಜರಿಯುವ ಕಾಲು, ಕೆನ್ನೆಯ ಮೇಲೆ ಸದ್ದಿಲ್ಲದೆ ಇಳಿಯುವ ಕಣ್ಣೀರು. ಇದೇ ಮೊದಲ ಪ್ರೇಮ ಎಂದು ಮನಸ್ಸಿಗೆ ಹೊಳೆಯುವುದು ಆಮೇಲೆ. ಹದಿನಾರರಲ್ಲಿ ಎಲ್ಲ ಕಂಡವರಂತೆ ಹಾಡಿದವರು ಮೂವತ್ತೈದರಲ್ಲಿ ಈಗಷ್ಟೇ ಕಂಡವರಂತೆ ಹಾಡಿದರು, ನನಗೆ ಹೆಚ್ಚು ಕಷ್ಟವೆನ್ನಿಸುವುದು ಎರಡನೆಯದೇ. ಮತ ನಾಲ್ಕಕ್ಕೆ ಮೂರು, ಗೆದ್ದದ್ದು "ಫಸ್ಟ್ ಲವ್". ಆದರೆ ಈ ಸಲ ವಾದಿಸಿ ಗೆದ್ದಿತು, ಹಾಗಾಗಿ ತಕರಾರಿಲ್ಲ.

ನಮ್ಮಲ್ಲಿ ಇನ್ನೂ ಬಗೆಹರಿಯದ ಒಂದು ವಿಷಯವಿದೆ: ಗಾಯಕರ ಬದುಕನ್ನು ವಾದಕ್ಕೆ ತರಬಹುದೇ? "ಹನತಾಬಾ ಓ ಕಿಮಿ ನಿ" 2016ರಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಬೆಳಗಿನ ಧಾರಾವಾಹಿಯ ಶೀರ್ಷಿಕೆ ಗೀತೆಯಾಗಿ ಬಂತು. ಜನ ತಿಂಡಿ ತಿನ್ನುತ್ತಾ ಕೇಳುವ ಹಿತವಾದ ಹಾಡು, "ನಿನಗೊಂದು ಹೂಗೊಂಚಲು" ಎಂಬ ಹಗುರ ಹೆಸರು. ಮೊದಲ ಸಾಲು ಮಾತ್ರ ನೋಡಿ: ಎಂದೂ ಅಲಂಕಾರ ಮಾಡಿಕೊಳ್ಳದ ನೀನು ತೆಳುವಾಗಿ ಅಲಂಕರಿಸಿಕೊಂಡ ಬೆಳಗು. ಉತಾದಾ ಅವರ ತಾಯಿ, ಎಂಕಾ (ಜಪಾನಿನ ಹಳೆಯ ಧಾಟಿಯ ಭಾವುಕ ಹಾಡು) ಗಾಯಕಿ ಫುಜಿ ಕೆಯಿಕೊ, 2013ರ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು ಎಂಬುದನ್ನು ಪಕ್ಕದಲ್ಲಿಟ್ಟರೆ, ಆ ಅಲಂಕಾರ ಯಾರು ಮಾಡಿದ್ದು, ಯಾವ ಬೆಳಗಿನದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ತಾಯಿಯನ್ನು ನೆನೆದೇ ಬರೆದದ್ದೆಂದು ಅವರೂ ಹೇಳಿದ್ದಾರೆ. ಪುಣೆಯ ಗೆಳೆಯನ ಪ್ರಕಾರ ಇದು ಹೊರಗಿನ ಸುದ್ದಿ, ಹಾಡಿಗೆ ಅಂಕ ತರಬಾರದು. ಸುಳಿವು ಹಾಡಿನ ಮೊದಲ ಸಾಲಿನಲ್ಲೇ ಇರುವಾಗ ಅದು ಹೊರಗಿನದು ಹೇಗಾಗುತ್ತದೆ ಎಂಬುದು ನನ್ನ ಪಟ್ಟು. ಸದ್ಯಕ್ಕೆ ನಾವು ಮಾಡಿಕೊಂಡ ಒಪ್ಪಂದವೆಂದರೆ, ಹಾಡಿನ ಒಂದು ಸಾಲನ್ನು ತೋರಿಸಬಲ್ಲವರು ಮಾತ್ರ ಬದುಕಿನ ಮಾತು ತೆಗೆಯಬಹುದು. ಮದುವೆ, ವಿಚ್ಛೇದನಗಳ ಹರಟೆ ಊಟದ ಹೊತ್ತಿಗೆ.

ಸಮಯ ಮಿತಿಯ ಬಗ್ಗೆ ಚಿಂತೆ ಬೇಡ. ಗೊತ್ತು ಮಾಡಿದ ಅವಧಿಗೆ ಹತ್ತು ನಿಮಿಷ ಮುಂಚೆ ಕರೋಕೆಯವರೇ ಕೋಣೆಯ ಫೋನಿಗೆ ಕರೆ ಮಾಡಿ ಮುಂದುವರಿಸುತ್ತೀರಾ ಎಂದು ಕೇಳುತ್ತಾರೆ. ಆ ಕರೆ ಬಂದೊಡನೆ ವಾದ ನಿಲ್ಲಿಸಿ ಕೈ ಎತ್ತಿಸಿ. ಆಮೇಲೆ ಬೇಕಿದ್ದರೆ ಅವಧಿ ಹೆಚ್ಚಿಸಿಕೊಂಡು ಹಾಡಿ.

ಕೊನೆಯ ಪಟ್ಟಿಯ ಕೆಳಗೆ ದಿನಾಂಕ ಹಾಕಿ, ಸೋತವರ ಭಿನ್ನಮತಕ್ಕೆ ತಲಾ ಒಂದು ಸಾಲು ಬಿಡಿ. ನನ್ನ ಸಾಲು ಕೆಲವು ವರ್ಷಗಳಿಂದ ಒಂದೇ: "ಸಕುರಾ ನಗಾಶಿ"ಯಲ್ಲಿ ಬರೀ ಪಿಯಾನೊ ಇದ್ದ ಜಾಗಕ್ಕೆ ಡ್ರಮ್ ಬಂದು ಸೇರುವ ಘಳಿಗೆಗೆ ಸಮನಾದದ್ದನ್ನು ಯಾರಾದರೂ ತೋರಿಸುವ ತನಕ ಅದೇ ಮೊದಲನೆಯದು. ಹೊಸ ಹಾಡುಗಳು ಬಿಡುಗಡೆಯಾಗಿ ಒಂದು ವರ್ಷ ಕಳೆಯುವವರೆಗೆ ಪಟ್ಟಿಗೆ ಬರುವಂತಿಲ್ಲ. 2025ರ ಮೇ ತಿಂಗಳಲ್ಲಿ ಬಂದ "ಮೈನ್ ಆರ್ ಯುವರ್ಸ್" ಹಾಡನ್ನು ಆ ಡಿಸೆಂಬರಿನಲ್ಲೇ ಸೇರಿಸಬೇಕೆಂದು ಇಬ್ಬರು ಅರ್ಜಿ ಹಾಕಿದ್ದರು. ತಿರಸ್ಕರಿಸಿದೆವು.